ಉಸಿರು ತಗೊಂಡ ಕೊಬ್ಬರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ವಾರ ನಾನು ಬಾಯಲ್ಲಿ ಕೊಬ್ಬರಿ ಸದ್ದು ಮಾಡಿ, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನಲವತ್ತು ಜನ ಹೋಲ್‌ಸೇಲ್ ವ್ಯಾಪಾರಿಗಳಿಗೆ ಈಮೇಲ್ ಕಳಿಸಿದೆ.

ನಕ್ಕುಬಿಡಿ, ಪರವಾಗಿಲ್ಲ. ತಿಪಟೂರಿನಲ್ಲಿ ಆಗಲೇ ಎಲ್ಲರೂ ನಕ್ಕಾಗಿದೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೇ ಕ್ಲಾಸ್‌ಮೇಟ್ ಒಬ್ಬ ನಮಸ್ಕಾರದ ಬದಲು ನಾಲಿಗೆಯಲ್ಲಿ ಲೊಟಲೊಟ ಅನ್ನಿಸಿ ಬಸ್ ಹತ್ತಿದ.

ಯಾಕೆ ಹೀಗೆ ಮಾಡಿದೆ? ಹೊಟ್ಟೆಕಿಚ್ಚು. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಯಾರ ಮೇಲೆ? ನಮ್ಮ ಸೌಮ್ಯ ಅತ್ತಿಗೆ ಮೇಲೆ.

ನಮ್ಮದು ತೆಂಗಿನ ತೋಟ. ಜೊತೆಗೆ ಮನೆಯ ಮುಂಭಾಗದಲ್ಲೇ ಕೊಬ್ಬರಿ ಅಂಗಡಿ. ಇಷ್ಟು ವರ್ಷ ಮಾಲು ಸೀದಾ ಮಾರ್ಕೆಟ್ ಯಾರ್ಡಿಗೆ ಹೋಗುತ್ತಿತ್ತು. ಈ ವರ್ಷ ಅಪ್ಪನಿಗೆ ಒಂದು ಯೋಚನೆ ಬಂತು. ಇಂದೋರಿನಂಥ ಉತ್ತರದ ಕಡೆಯ ಊರುಗಳ ಸ್ವೀಟ್ ಅಂಗಡಿಗಳಿಗೆ, ಡ್ರೈಫ್ರೂಟ್ ಅಂಗಡಿಗಳಿಗೆ ನಾವೇ ಯಾಕೆ ಕಳಿಸಬಾರದು? ಅದಕ್ಕೆ ಹೊಸ ಗಿರಾಕಿ ಬೇಕು. ಗಿರಾಕಿ ಬೇಕಾದರೆ ಇಂಗ್ಲಿಷಿನಲ್ಲಿ ಬರೆಯಬೇಕು. ಮನೆಯಲ್ಲಿ ಇಂಗ್ಲಿಷ್ ಬರೆಯುವವರು ಇಬ್ಬರೇ. ಒಂದು ನಾನು. ಇನ್ನೊಂದು, ಎರಡು ವರ್ಷದ ಹಿಂದೆ ಅಣ್ಣನನ್ನು ಮದುವೆಯಾಗಿ ಮಾಯಸಂದ್ರದಿಂದ ಬಂದ ಅತ್ತಿಗೆ. (ಅಣ್ಣ ದಿನವಿಡೀ ತೋಟದಲ್ಲಿ ಪಂಪ್‌ಸೆಟ್ಟಿನ ಜೊತೆ ಮಾತಾಡುತ್ತಾನೆ. ಅದಕ್ಕೆ ಇಂಗ್ಲಿಷ್ ಬೇಡ, ಬೈಗುಳ ಸಾಕು.)

ಅಪ್ಪ ಒಂದೇ ಮಾತು ಹೇಳಿದರು. ಹೊರಗಿನ ಗಿರಾಕಿಯನ್ನು ಮೊದಲು ಯಾರು ಹಿಡಿಯುತ್ತಾರೋ, ಈ ಹೊಸ ವ್ಯಾಪಾರ ಪೂರ್ತಿ ಅವರದ್ದು. ಮುಂದಿನ ರೂಮು, ಮೇಜು, ತಿರುಗುವ ಕುರ್ಚಿ, ವಿಸಿಟಿಂಗ್ ಕಾರ್ಡು, ಎಲ್ಲಾ.

ಕಾರ್ಡಿನ ಡಿಸೈನು ನಾನು ಅವತ್ತೇ ಮಾಡಿದೆ. ಹೆಸರಿನ ಕೆಳಗೆ ‘ಹೆಡ್, ಎಕ್ಸ್‌ಪೋರ್ಟ್ಸ್’ ಅಂತ. ಇಂದೋರು ನಮ್ಮ ದೇಶದಲ್ಲೇ ಇದೆಯಲ್ಲ ಅಂದರು ಅತ್ತಿಗೆ. ಕಿಚ್ಚು ಹತ್ತಿಕೊಂಡಿದ್ದು ಅಲ್ಲೇ ಇರಬೇಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗುರುತು ಪರಿಚಯ ಇಲ್ಲದವರಿಗೆ, ಅವರು ಕೇಳದೇ ಇದ್ದರೂ, ‘ಕೊಬ್ಬರಿ ಬೇಕಾ ಸರ್’ ಅಂತ ಬರೆಯುವುದಕ್ಕೆ ಕೋಲ್ಡ್ ಈಮೇಲ್ ಅನ್ನುತ್ತಾರೆ. ಒಂದು ಬರೆದರೆ ಸಾಲದಂತೆ, ಸೀಕ್ವೆನ್ಸ್ ಬೇಕಂತೆ. ಒಂದನೇ ದಿನ, ಮೂರನೇ ದಿನ, ಏಳನೇ ದಿನ, ಹೀಗೆ ಬಿಟ್ಟೂ ಬಿಡದೆ ಹೋಗುತ್ತಿರಬೇಕು. ಇದನ್ನೆಲ್ಲ ಹೇಳಿಕೊಡಲು ವಿಡಿಯೊ ಗುರುಗಳಿದ್ದಾರೆ. ಕತ್ತಿಗೆ ಮೈಕ್ ಸಿಗಿಸಿಕೊಂಡು, ಹಿಂದೆ ನೀಲಿ ಲೈಟ್ ಹಾಕಿಕೊಂಡು, ‘ಗೈಸ್’ ಅಂತ ಶುರು ಮಾಡುತ್ತಾರೆ. ಹತ್ತು ವಿಡಿಯೊ ನೋಡುವಷ್ಟರಲ್ಲಿ ನಾನೂ ಅಮ್ಮನನ್ನು ‘ಗೈಸ್, ತಿಂಡಿ ಏನು’ ಅಂತ ಕೇಳತೊಡಗಿದ್ದೆ.

ಏಳು ಮೇಲ್ ಬರೆದೆ. ತಾನಾಗಿಯೇ ಕಳಿಸುವ ಒಂದು ಸಾಫ್ಟ್‌ವೇರಿಗೆ ತುಂಬಿದೆ. ನಾನು ಮಿಮಿಕ್ರಿ ಆಸಾಮಿ ತಾನೆ, ಒಂದೊಂದು ಮೇಲಿಗೂ ಒಂದೊಂದು ದನಿ. ಮೊದಲನೆಯದು ಬ್ಯಾಂಕ್ ಮ್ಯಾನೇಜರ್ ದನಿಯಲ್ಲಿ: ಈ ಮೇಲ್ ತಲುಪುವಾಗ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಎರಡನೆಯದರಲ್ಲಿ ಸ್ವಲ್ಪ ಸಲುಗೆ: ಬಿಜಿ ಇದ್ದೀರೇನೋ. ಮೂರನೆಯದರಲ್ಲಿ ನೋವು: ನಿಮ್ಮ ಮೌನ ನನಗೆ ಅರ್ಥವಾಗುತ್ತದೆ. ನಾಲ್ಕನೆಯದರಲ್ಲಿ ಜೋಕು, ಕೊಬ್ಬರಿ ಚೀಲದ ಕೆಳಗೆ ಸಿಕ್ಕಿಹಾಕಿಕೊಂಡಿದ್ದೀರಾ ಅಂತ. ಏಳನೆಯದು ಪ್ರೇಮಭಂಗ: ಇದೇ ನನ್ನ ಕೊನೆಯ ಮೇಲ್, ನಿಮ್ಮ ಫೈಲನ್ನು ಮುಚ್ಚುತ್ತಿದ್ದೇನೆ. (ಫೈಲು ಎಲ್ಲಿತ್ತು ಅಂತ ಕೇಳಬೇಡಿ.)

ಒಂದೇ ಒಂದು ಉತ್ತರ ಬರಲಿಲ್ಲ. ನನ್ನ ಇನ್‌ಬಾಕ್ಸಿನಲ್ಲಿ ರೀಚಾರ್ಜ್ ಮುಗಿಯುತ್ತಿದೆ ಅನ್ನುವ ಕಂಪನಿಯವರನ್ನು ಬಿಟ್ಟರೆ ಯಾರೂ ನನ್ನನ್ನು ಮಾತಾಡಿಸಲಿಲ್ಲ.

ಅತ್ತಿಗೆಗೋ? ಮಧ್ಯಾಹ್ನ ಊಟ ಆದಮೇಲೆ ಸೆರಗಿಗೆ ಕೈ ಒರೆಸಿಕೊಂಡು ಅಂಗಡಿಯ ಲ್ಯಾಪ್‌ಟಾಪಿನ ಮುಂದೆ ಅರ್ಧ ಗಂಟೆ ಕೂರುವುದು. ಟಿಂಗ್. ಏನೋ ಎರಡು ಸಾಲು ಕುಟ್ಟುವುದು. ಎದ್ದು ಹೋಗಿ ಹಪ್ಪಳ ತಿರುವಿಹಾಕಿ ಬರುವುದು. ಮತ್ತೆ ಟಿಂಗ್. ನಾನು ಪಕ್ಕದ ರೂಮಿನಲ್ಲಿ ಮಲಗಿದಂತೆ ನಟಿಸುತ್ತಾ ಎಣಿಸುತ್ತಿದ್ದೆ. ಒಂದು ಮಧ್ಯಾಹ್ನ ನಾಲ್ಕು ಟಿಂಗ್ ಆಯಿತು. ಅವತ್ತು ನನಗೆ ಸಾರು ಸೇರಲಿಲ್ಲ.

ನೀವೇ ಹೇಳಿ, ದೂರದ ಕೋಟ್ಯಧೀಶರನ್ನು ನೋಡಿ ಯಾರಿಗಾದರೂ ಹೊಟ್ಟೆ ಉರಿಯುತ್ತದಾ? ಇಲ್ಲ. ಅವರು ವಿಮಾನ ಕೊಂಡರೆ ನಾವು ಲೈಕ್ ಒತ್ತುತ್ತೇವೆ. ಉರಿಯುವುದು ಒಂದೇ ಪಾತ್ರೆಯ ಸಾರು ಉಣ್ಣುವವರನ್ನು ನೋಡಿ. ಅದೇ ಮನೆ, ಅದೇ ವೈಫೈ, ಅದೇ ಕೊಬ್ಬರಿ. ಅವರಿಗೆ ಮಾತ್ರ ಟಿಂಗ್ ಯಾಕೆ?

ನನಗೆ ತಿಳಿದ ಸೇಡು ಒಂದೇ, ಅಣಕ. ಅತ್ತಿಗೆ ಕನ್ನಡಕ ಮೂಗಿನ ತುದಿಗೆ ತಂದು, ತುಟಿ ಅಲ್ಲಾಡಿಸುತ್ತಾ ಮೇಲ್ ಓದುವುದನ್ನು ಮಾಡಿ ತೋರಿಸಿದೆ. ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಅತ್ತಿಗೆಯೂ ನಕ್ಕರು. ನಗುತ್ತಿರುವಾಗಲೇ ಟಿಂಗ್.

ಹೋದ ವಾರ ಅವರು ಲ್ಯಾಪ್‌ಟಾಪ್ ತೆರೆದಿಟ್ಟು ಹಾಲಿನವನ ಹತ್ತಿರ ಹೋದರು. ನಾನು ಇಣುಕಿದೆ. (ತಪ್ಪು. ಗೊತ್ತು.) ಇಂದೋರಿನ ಒಬ್ಬ ಡ್ರೈಫ್ರೂಟ್ ಸೇಟಿಗೆ ಅತ್ತಿಗೆ ಕಳಿಸಿದ್ದ ಮೇಲ್ ಅದು. ಎರಡೇ ಸಾಲು. ‘ವರ್ಷ ತುಂಬಿದ ಕಾಯಿ. ಸದ್ದು ಕೇಳಿ.’ ಜೊತೆಗೆ ಒಂದು ಆಡಿಯೊ. ಒತ್ತಿದೆ. ಲೊಟ, ಲೊಟ, ಲೊಟ.

ಹೊಟ್ಟೆಯೊಳಗೆ ಒಲೆ ಹತ್ತಿತು. ಎಂಥಾ ಐಡಿಯಾ. ನನಗ್ಯಾಕೆ ಹೊಳೆಯಲಿಲ್ಲ?

ನಮ್ಮ ಕಡೆಯ ಉಂಡೆ ಕೊಬ್ಬರಿ ಬಿಸಿಲಲ್ಲಿ ಹರವಿ ಒಣಗಿಸಿದ್ದಲ್ಲ. ಇಡೀ ಕಾಯಿಯನ್ನೇ ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಬಿಡುತ್ತೇವೆ. ಮೊದಮೊದಲು ಅಲ್ಲಾಡಿಸಿದರೆ ಒಳಗೆ ನೀರು ಕುಳುಕುಳು ಅನ್ನುತ್ತದೆ. ಆಮೇಲೆ ನೀರು ಹಿಂಗಿ ಕಾಯಿ ಮೌನವ್ರತ ಹಿಡಿಯುತ್ತದೆ. ಕೊನೆಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಲೊಟಲೊಟ ಅನ್ನುತ್ತದೆ. ಆ ಸದ್ದು ಬಂತೆಂದರೆ ಕೊಬ್ಬರಿ ಆಯಿತು ಅಂತ ಅರ್ಥ. ಆ ಸದ್ದು ಕೇಳಿದ ವ್ಯಾಪಾರಿಗೆ ಬೇರೆ ಇಂಗ್ಲಿಷ್ ಬೇಕಾಗಿಲ್ಲ.

ನನ್ನ ಎಂಟನೇ ಮೇಲಿಗೂ ಆ ಸದ್ದು ಬೇಕು. ಗೋಡೌನಿಗೆ ಓಡಿದೆ. ವರ್ಷ ತುಂಬಿದ ಕಾಯಿ ಮೇಲಿನ ಅಟ್ಟದಲ್ಲಿ. ಏಣಿ ತೋಟದಲ್ಲಿ. ಕೈಗೆ ಸಿಗುವ ಕೆಳಗಿನ ಅಟ್ಟದಲ್ಲಿದ್ದದ್ದು ಮೊನ್ನೆ ಮೊನ್ನೆ ಹಾಕಿದ ಕಾಯಿ. ಹತ್ತು ಅಲ್ಲಾಡಿಸಿದೆ. ಹತ್ತೂ ಕುಳುಕುಳು. ತೋಟಕ್ಕೆ ಹೋಗಿ ಏಣಿ ತರಬಹುದಿತ್ತು. ಒಂದು ಕಿಲೋಮೀಟರ್. ಆದರೆ ದೇವರು ನನಗೊಂದು ನಾಲಿಗೆ ಕೊಟ್ಟಿದ್ದಾನಲ್ಲ?

ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ, ಕೆನ್ನೆ ಊದಿಸಿ, ಲೊಟ, ಲೊಟ, ಲೊಟ. ಸತ್ಯ ಹೇಳುತ್ತೇನೆ, ನಿಜವಾದ ಕೊಬ್ಬರಿಗಿಂತ ಚೆನ್ನಾಗಿತ್ತು. ನಲವತ್ತು ಜನಕ್ಕೂ ಕಳಿಸಿದೆ. ಇಂದೋರಿನ ಸೇಟಿಗೂ. ನನ್ನ ಲಿಸ್ಟಿನಲ್ಲಿ ಅವರೂ ಇದ್ದರಲ್ಲ.

ಮಾರನೇ ದಿನ ಮಧ್ಯಾಹ್ನ ಎಲ್ಲರೂ ಎಲೆಯ ಮುಂದೆ ಕೂತಿದ್ದೆವು. ಅತ್ತಿಗೆ ಫೋನ್ ನೋಡಿ ಹುಬ್ಬು ಗಂಟು ಹಾಕಿದರು. ಸೇಟು ಮೊದಲ ಲೋಡು ಕಳಿಸಿ ಅನ್ನುವ ಹಂತಕ್ಕೆ ಬಂದಿದ್ದರಂತೆ. ಈಗ ನೋಡಿದರೆ ಒಂದು ಆಡಿಯೊ ವಾಪಸ್ ಕಳಿಸಿ, ಬೇರೆಯೇ ಬರೆದಿದ್ದಾರೆ. ನೀವು ಮೊದಲು ಕಳಿಸಿದ ಸದ್ದು ಸರಿಯಾಗಿತ್ತು. ನಿನ್ನೆ ಬಂದ ಕೊಬ್ಬರಿ ಮಧ್ಯೆ ಮಧ್ಯೆ ಉಸಿರು ತಗೊಳ್ಳುತ್ತಿದೆ. ಇದು ಯಾವ ತಳಿ? ನಿಮ್ಮ ಮಾಲನ್ನು ನಂಬುವುದೋ ಬೇಡವೋ?

ಅಪ್ಪ ಆ ಆಡಿಯೊ ಹಾಕು ಅಂದರು. ಹಾಕಿದರು. ಲೊಟ, ಲೊಟ, ಲೊಟ, ಸುಯ್, ಲೊಟ.

ಅಮ್ಮ ಅನ್ನ ಬಡಿಸುತ್ತಲೇ, ತಲೆ ಕೂಡ ಎತ್ತದೆ ಹೇಳಿದರು: “ಇದು ನಮ್ ಪ್ರದೀಪ ಕಣ್ರೀ. ಚಿಕ್ಕೋನಿದ್ದಾಗ ಹಸಿವಾದ್ರೆ ಹಿಂಗೇ ಮಾಡೋನು.”

ಅತ್ತಿಗೆಯ ಮುಖ ನೋಡಲು ನನಗಾಗಲಿಲ್ಲ. ಒಂದು ತಿಂಗಳು ಮಧ್ಯಾಹ್ನದ ನಿದ್ದೆ ಬಿಟ್ಟು ಕಟ್ಟಿದ ಗಿರಾಕಿ. ಒಂದು ಸುಯ್ಯಿಗೆ ಹೋಗುವ ಹಾಗಾಯಿತು. ಅಣ್ಣ ಏನಾದರೂ ಬೈಯುತ್ತಾನೆ ಅಂದುಕೊಂಡೆ. ಅವನು ಪಂಪ್‌ಸೆಟ್ಟನ್ನು ನೋಡುವ ಹಾಗೆ ನನ್ನನ್ನು ನೋಡಿದ. ಅದು ಇನ್ನೂ ಕೆಟ್ಟದು.

ಅತ್ತಿಗೆ ಎಡಗೈಯಲ್ಲೇ ಉತ್ತರ ಕುಟ್ಟಿದರು. ಅಪ್ಪ ಕೇಳಿದ್ದಕ್ಕೆ ಓದಿ ಹೇಳಿದರು: “ಅದು ಕಾಯಲ್ಲ, ನನ್ನ ಮೈದುನ. ಕಾಯಿ ನಾನು ಕಳಿಸಿದ್ದೇ. ಬೇಕಾದ್ರೆ ಈಗ್ಲೇ ವಿಡಿಯೊ ಕಾಲ್ ಮಾಡಿ, ನಿಮ್ಮ ಮುಂದೆ ಒಡೆದು ತೋರಿಸ್ತೀನಿ.”

ಸೇಟು ಕಾಲ್ ಮಾಡಿಯೇಬಿಟ್ಟರು. ಅಣ್ಣ ಎಂಜಲು ಕೈಯಲ್ಲೇ ತೋಟಕ್ಕೆ ಓಡಿ ಏಣಿ ತಂದ, ಅಷ್ಟು ಹೊತ್ತೂ ಸೇಟು ಲೈನಿನಲ್ಲೇ ಇದ್ದರು. ಅತ್ತಿಗೆ ಮೇಲಿನ ಅಟ್ಟದಿಂದ ತಾವೇ ಆರಿಸಿ ಐದು ಕಾಯಿ ಇಳಿಸಿದರು. ಐದನ್ನೂ ಫೋನಿನ ಮುಂದೆ ಅಲ್ಲಾಡಿಸಿ, ಸುಲಿದು, ಚಿಪ್ಪು ಒಡೆದರು. ಐದೂ ದುಂಡಗೆ ಹೊರಳಿ ಬಿದ್ದವು. ಸೇಟು ಲೋಡಿಗೆ ಒಪ್ಪಿದರು. ಕೊನೆಯಲ್ಲಿ ಹಿಂದಿಯಲ್ಲಿ ಏನೋ ಕೇಳಿದರು. ಮೈದುನನೂ ಮಾರಾಟಕ್ಕಿದ್ದಾನಾ ಅಂತ. ಅತ್ತಿಗೆ ಇಲ್ಲ ಅಂದರು. (ಸ್ವಲ್ಪ ಯೋಚನೆ ಮಾಡಿದ ಮೇಲೆ.)

ಇಲ್ಲಿಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಹೊಟ್ಟೆಕಿಚ್ಚಿಗೆ ಮರ್ಯಾದೆ ಎಲ್ಲಿಯದು? ನಾನು ವಕೀಲರ ದನಿ ಎತ್ತಿದೆ. ಅತ್ತಿಗೆಗೆ ಈ ಸೇಟು ಸಿಕ್ಕಿದ್ದಾದರೂ ಹೇಗೆ, ಈ ವಿಳಾಸ ನನ್ನ ಲಿಸ್ಟಿನಲ್ಲಿತ್ತಲ್ಲ, ಕದ್ದರಾ ಅಂತ ಕೇಳೇಬಿಟ್ಟೆ.

ಅತ್ತಿಗೆ ಲ್ಯಾಪ್‌ಟಾಪ್ ತಂದು ಆ ಮೇಲನ್ನು ತೆರೆದು ಕೆಳಕ್ಕೆ ಸರಿಸಿದರು. ಇಣುಕಿದ ದಿನ ನಾನು ಕೆಳಕ್ಕೆ ಸರಿಸಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಬ್ಯಾಂಕ್ ಮ್ಯಾನೇಜರ್ ದನಿಯಲ್ಲಿ, ನನ್ನದೇ ಮೊದಲನೇ ಮೇಲ್.

ಅದರ ಮೇಲೆ ಸೇಟಿನ ಉತ್ತರ: ಉಂಡೆಯ ಸೈಜ್ ಎಷ್ಟು? ಒಳಗೆ ಬಿಳುಪಿದೆಯಾ? ಅದರ ಮೇಲೆ ನಾನು: ಬಿಜಿ ಇದ್ದೀರೇನೋ. ಸೇಟು: ಬಿಜಿ ಇಲ್ಲ, ಸೈಜ್ ಹೇಳಿ. ನಾನು: ನಿಮ್ಮ ಮೌನ ನನಗೆ ಅರ್ಥವಾಗುತ್ತದೆ. ಸೇಟು: ಸ್ವಾಮಿ, ನಾನು ಮಾತಾಡುತ್ತಲೇ ಇದ್ದೇನೆ.

ಆಗಿದ್ದಿಷ್ಟೆ. ಸಾಫ್ಟ್‌ವೇರ್ ತುಂಬುವಾಗ, ಉತ್ತರ ಎಲ್ಲಿಗೆ ಬರಬೇಕು ಅನ್ನುವ ಜಾಗದಲ್ಲಿ ನಾನು ಅಂಗಡಿಯ ಹಳೇ ಮೇಲ್ ಐಡಿ ಕೊಟ್ಟಿದ್ದೆ. ಕಾಯುತ್ತಿದ್ದದ್ದು ನನ್ನ ಸ್ವಂತ ಇನ್‌ಬಾಕ್ಸಿನ ಮುಂದೆ. ಅಂಗಡಿಯ ಮೇಲ್ ನೋಡುವವರು ಅತ್ತಿಗೆ. ನಿನ್ನ ಮೇಲಿಗೆ ಯಾರೋ ಏನೋ ಕೇಳಿದ್ದಾರೆ ನೋಡು ಅಂತ ಅವರು ಮೊದಲ ದಿನವೇ ಹೇಳಿದ್ದರಂತೆ. ಆಗ ನಾನೇನು ಮಾಡಿದೆನಂತೆ ಗೊತ್ತಾ? ‘ಯಾರೋ ಏನೋ ಕೇಳಿದ್ದಾರೆ ನೋಡು’ ಅಂತ ಅವರದೇ ದನಿಯಲ್ಲಿ ಅಣಕಿಸಿ ಚಪ್ಪಲಿ ಮೆಟ್ಟಿದೆನಂತೆ. ಒಂದು ವಾರ ಕಾದು, ಅವರೇ ಉತ್ತರ ಕೊಡಲು ಕೂತಿದ್ದಾರೆ. ಎಂದರೆ ಒಂದು ತಿಂಗಳು ನಾನು ಕಿವಿಗೊಟ್ಟು ಕೇಳಿ ಹೊಟ್ಟೆ ಉರಿಸಿಕೊಂಡ ಟಿಂಗ್‌ಗಳೆಲ್ಲ ನನಗೇ ಬಂದವು.

ಇದು ನನ್ನೊಬ್ಬನ ಕಾಯಿಲೆ ಅಂತ ನೀವು ಸಮಾಧಾನ ಪಡಬೇಡಿ. ಬೆಳಗಾದರೆ ಇನ್ನೂರು ಜನಕ್ಕೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತೀರಲ್ಲ, ಅದರಲ್ಲೊಬ್ಬರು ‘ಆಸ್ಪತ್ರೆಯಲ್ಲಿದ್ದೀನಿ ಕಣಪ್ಪ’ ಅಂತ ಬರೆದಿರುತ್ತಾರೆ. ನಾಳೆ ಬೆಳಿಗ್ಗೆ ಅವರಿಗೆ ಏನು ಹೋಗುತ್ತದೆ? ಇನ್ನೊಂದು ಗುಲಾಬಿ.

ಇಷ್ಟೆಲ್ಲ ಆದಮೇಲೂ ಕಿಚ್ಚು ಆರಲಿಲ್ಲ, ಇನ್ನೊಂದು ನಾಲಿಗೆ ಚಾಚಿತು. ಹಾಗಿದ್ದರೆ ಗಿರಾಕಿಯನ್ನು ಹಿಡಿದದ್ದು ನಾನೇ ಆಯಿತಲ್ಲ? ಮೊದಲನೇ ಮೇಲ್ ನನ್ನದು, ಕಣ್ಣಮುಂದೆ ಸಾಕ್ಷಿ ಇದೆ, ಅಪ್ಪನ ಮಾತಿನ ಪ್ರಕಾರ ರೂಮು, ಮೇಜು, ಕುರ್ಚಿ ನನಗೆ ಬರಬೇಕು. ಇದನ್ನು ನಾನು ನಿಜವಾಗಿಯೂ, ಎದ್ದು ನಿಂತು, ಎಲ್ಲರೆದುರು ಹೇಳಿದೆ.

ಅಪ್ಪ ನ್ಯಾಯ ಬಿಡುವವರಲ್ಲ. ಅತ್ತಿಗೆಯ ಕಡೆ ತಿರುಗಿ, “ಮೊದಲ್ನೇದು ಇವಂದೇ ಏನಮ್ಮಾ?” ಅಂದರು.

ಅತ್ತಿಗೆ ಲ್ಯಾಪ್‌ಟಾಪ್ ಮುಚ್ಚಿದರು.

“ಹೂಂ ಮಾವ, ಕೂಗಿದ್ದು ಇವನೇ. ಅವರು ‘ಓ’ ಅಂದಾಗ ಇವನಿರ್ಲಿಲ್ಲ, ಅಷ್ಟೇ.”