ರಾಗಿ ಕೋಣೆಯಲ್ಲಿ ಮೂರು ಕಾಲಿನ ಬೆಕ್ಕು

ಆಯುಧ ಪೂಜೆಯ ದಿನ ರಸ್ತೆಯ ಮೇಲೆ ಬೂದುಗುಂಬಳಕಾಯಿ ಒಡೆಯುವುದನ್ನು ನಾನು ಕಾಲೇಜಿನ ದಿನಗಳಿಂದಲೂ ವಿರೋಧಿಸುತ್ತ ಬಂದಿದ್ದೇನೆ. ಒಡೆದ ಹೋಳುಗಳು, ಕುಂಕುಮದ ನೀರು, ಅದರ ಮೇಲೆ ಜಾರಿ ಬೀಳುವ ದ್ವಿಚಕ್ರ ಸವಾರರು. ಇದರಲ್ಲಿ ವಾದಿಸುವುದಕ್ಕೆ ಏನೂ ಇಲ್ಲವೆಂದು ಈಗಲೂ ನಂಬುತ್ತೇನೆ. ಆದ್ದರಿಂದ ನಮ್ಮ ಮನೆಗೆ ಹೊಸ ಕಾರು ಬಂದ ವರ್ಷ ಅತ್ತೆಯವರೊಡನೆ ಒಂದು ಒಪ್ಪಂದಕ್ಕೆ ಬಂದೆ: ಕಾಯಿ ಒಡೆಯಲಿ, ಆದರೆ ಬೀದಿಯಲ್ಲಿ ಬೇಡ, ಕಾಂಪೌಂಡಿನ ಒಳಗೆ. ದೊಮ್ಮಲೂರಿನ ಹಳೆಯ ಊರುಗೇರಿಯಲ್ಲಿ ಇದು ಸಣ್ಣ ಗೆಲುವಾಗಿರಲಿಲ್ಲ. ಈಗ ಬಾಡಿಗೆ ಮನೆಗಳು ಒಂದರ ಮೇಲೊಂದು ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬಿತ್ತಿದ ಮನೆತನ ಅತ್ತೆಯದು. ಅವರು ಬೀದಿಯನ್ನು ಬಿಟ್ಟುಕೊಟ್ಟಿದ್ದು ನನ್ನ ಮೇಲಿನ ಅಭಿಮಾನಕ್ಕೆ.

ಕಾಂಪೌಂಡಿನೊಳಗೆ ಹೂಕುಂಡಗಳ ಹಿಂದೆ ನಮ್ಮ ಬೆಕ್ಕು ಮಲಗಿತ್ತು. ಯಾರೂ ಸಾಕಿದ್ದಲ್ಲ, ತಾನಾಗಿ ಬಂದು ಮನೆಯದಾದ ಹೆಣ್ಣು ಬೆಕ್ಕು. ಕಾಯಿ ಗೋಡೆಯ ಪಕ್ಕದಲ್ಲೇ ಸಿಡಿದಾಗ ಅದು ಹೆದರಿ ಕಾರಿನ ಕೆಳಗೆ ನುಗ್ಗಿ, ಅಲ್ಲಿಂದ ಎಂಜಿನ್ನಿನ ಸಂದಿಗೆ ಏರಿತ್ತೆಂದು ನಮಗೆ ತಿಳಿದದ್ದು ಆಮೇಲೆ. ನಾಲ್ಕೂ ಚಕ್ರಗಳಡಿ ನಿಂಬೆಹಣ್ಣು ಇಟ್ಟಾಯಿತು. ನನ್ನ ಗಂಡ ಕೀಲಿ ತಿರುಗಿಸಿದರು. ಬಾನೆಟ್ಟಿನ ಒಳಗಿಂದ ಬಂದ ಕೂಗು ಬೆಕ್ಕಿನದೆಂದು ಮೊದಲಿಗೆ ಯಾರಿಗೂ ಅನ್ನಿಸಲಿಲ್ಲ.

ಇಂದಿರಾನಗರದ ಪಶುವೈದ್ಯೆ ಎಡ ಹಿಂಗಾಲನ್ನು ಸೊಂಟದ ಬುಡದಿಂದ ತೆಗೆದರು. ಬೆಕ್ಕನ್ನು ಮನೆಗೆ ಕಳಿಸುವಾಗ ಅವರು ಹೇಳಿದ ಒಂದು ಮಾತು ಮುಂದಿನ ದಿನಗಳುದ್ದಕ್ಕೂ ನನ್ನ ಬೆನ್ನ ಹಿಂದೆ ನಿಂತಿತ್ತು. "ತುಂಬಾ ರಕ್ತ ಹೋಗಿದೆ. ಹೊಲಿಗೆ ಬಿಚ್ಚೋವರೆಗೂ ಹಾರೋಕೆ ಬಿಡ್ಬೇಡಿ. ಗಾಯ ಒಳಗಿಂದ ತೆರ್ಕೊಂಡ್ರೆ ಇವಳಿಗೆ ಇನ್ನೊಂದ್ಸಲ ಅನಸ್ತೇಶಿಯಾ ಕೊಡೋ ಧೈರ್ಯ ನಂಗಿಲ್ಲ."

ಅಡುಗೆಮನೆಯ ಪಕ್ಕ ಒಂದು ಕಿರುಕೋಣೆಯಿದೆ. ರಾಗಿ ಈಗ ಪೊಟ್ಟಣದಲ್ಲಿ ಬಂದರೂ ಅದು ರಾಗಿ ಕೋಣೆಯೇ. ಒಂದೇ ಕಿಟಕಿ, ಹಾರಿ ಹತ್ತಲು ಏನೂ ಇಲ್ಲ. ನುಣುಪಾದ ಕೆಂಪು ನೆಲದ ಮೇಲೆ ಕಾಲು ಜಾರದಂತೆ ಗೋಣಿಚೀಲ ಹಾಸಿದೆ. ಮಲಮೂತ್ರದ ತಟ್ಟೆಗೆ ಮರಳು ತುಂಬದೆ, ಗಾಯಕ್ಕೆ ಕಣ ಅಂಟದಿರಲೆಂದು ಹಳೆಯ ಪತ್ರಿಕೆಗಳನ್ನು ಚೂರು ಮಾಡಿ ಹಾಕಿದೆ. ಗಾಯ ನೆಕ್ಕದಂತೆ ಕೊರಳಿಗೆ ಕಟ್ಟಿದ್ದ ಪ್ಲಾಸ್ಟಿಕ್ ಕಾಲರು ತಡೆಯುತ್ತಿದ್ದುದರಿಂದ ಅನ್ನದ ಬಟ್ಟಲನ್ನು ಒಂದು ಮಣೆಯ ಮೇಲೆ ಎತ್ತರಿಸಿ ಇಟ್ಟೆ. ಅದು ನಿಲ್ಲಲು ಯತ್ನಿಸಿದಾಗ ಹೊಟ್ಟೆಯಡಿ ಟವೆಲ್ ಕೊಟ್ಟು ಹಿಂಭಾಗವನ್ನು ಎತ್ತಿ ಹಿಡಿಯುತ್ತಿದ್ದೆ. ಬೆಳಿಗ್ಗೆ ಸಂಜೆ ಹೊಲಿಗೆಯ ಅಂಚು ಕೆಂಪಗಿದೆಯೇ, ಊದಿದೆಯೇ, ವಾಸನೆ ಬಂದಿದೆಯೇ ಎಂದು ನೋಡುತ್ತಿದ್ದೆ. ನೋವಿನ ಔಷಧಿಯನ್ನು ವೈದ್ಯೆ ಕೊಟ್ಟದ್ದು ಬಿಟ್ಟು ಬೇರೆ ಮುಟ್ಟಲಿಲ್ಲ. ನಾವು ಜ್ವರಕ್ಕೆ ನುಂಗುವ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದೆಂದು ಅವರು ಎಚ್ಚರಿಸಿದ್ದರು.

ಇವೆಲ್ಲ ಕೈಗೆ ಹತ್ತಿದ ಕೆಲಸಗಳು. ಕೈಗೆ ಹತ್ತದೆ ಉಳಿದದ್ದು ಆ ಇಲ್ಲದ ಕಾಲು. ಎಡಗಿವಿ ತುರಿಸಿದಾಗ ಬೆಕ್ಕು ತಲೆ ವಾಲಿಸಿ, ಕಣ್ಣು ಮುಚ್ಚಿ, ಸಿದ್ಧವಾಗುತ್ತಿತ್ತು. ಹೊಲಿಗೆಯ ಅಡಿಯಲ್ಲಿ ಸ್ನಾಯುಗಳು ಪಟಪಟನೆ ಅದುರುತ್ತಿದ್ದವು. ಗಾಳಿಯಲ್ಲಿ ಯಾವುದೋ ಕಾಲು ಕಿವಿಯನ್ನು ಕೆರೆಯುತ್ತಿತ್ತು, ಕಿವಿಗೆ ಅದು ತಲುಪುತ್ತಿರಲಿಲ್ಲ. ಆಗ ನಾನು ಕಾಲರಿನೊಳಗೆ ಬೆರಳು ತೂರಿಸಿ ಕೆರೆಯುತ್ತಿದ್ದೆ. ಅದುರುವುದು ನಿಲ್ಲುತ್ತಿತ್ತು.

ಒಮ್ಮೆ ಇದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಮುಖ ಬಿಳಿಚಿಕೊಂಡಿತು.

ಅಪಘಾತವಾದಾಗಿನಿಂದ ಅವರು ಆ ಕಾರನ್ನು ಹತ್ತಿರಲಿಲ್ಲ. ಕಾರು ಕಾಂಪೌಂಡಿನಲ್ಲಿ ನಿಂತಿದ್ದರೆ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದರು. ನನ್ನ ಗಂಡ ದಿನವೂ ಅದನ್ನೇ ಓಡಿಸಿಕೊಂಡು ಕೆ.ಆರ್. ಪುರದ ತೂಗುಸೇತುವೆ ದಾಟಿ ಕೆಲಸಕ್ಕೆ ಹೋಗಬೇಕು. ಅವರು ಹೊರಡುವ ಮುನ್ನ ಅತ್ತೆ ರಾಗಿ ಕೋಣೆಗೆ ಬಂದು, "ಉಸಿರಾಡ್ತೈತಾ?" ಎಂದು ಕೇಳುವರು. ಹೌದೆಂದರೆ ಮುಖದಲ್ಲಿ ಮೂಡುತ್ತಿದ್ದುದು ಸಮಾಧಾನವೋ ನಿರಾಶೆಯೋ ನನಗೆ ತಿಳಿಯುತ್ತಿರಲಿಲ್ಲ. ತಿಳಿಯದಿರುವುದೇ ನನ್ನನ್ನು ಕಾಡಿತು.

ಪಕ್ಕದ ಮನೆಯಲ್ಲಿರುವ ಅವರ ಓರಗಿತ್ತಿ, ನನಗೆ ಚಿಕ್ಕತ್ತೆ, ಬೆಂಕಿಗೆ ಗಾಳಿ ಹಾಕಿದರು. ಒಣಗಿದ ಬಟ್ಟೆ ಮಡಿಸುತ್ತ ನನ್ನನ್ನು ಕೇಳಿದರು: "ಬೆಕ್ಕು ಅಡ್ಡ ಬಂದ್ರೆ ಏನು ಶಕುನ ಅಂತ ನಮ್ಗೂ ಗೊತ್ತು ಕಣಮ್ಮ. ಮೂರು ಕಾಲಿಂದು ಅಡ್ಡ ಬಂದ್ರೆ ಮುಕ್ಕಾಲು ಶಕುನಾನಾ? ನಿಮ್ಮ ಕಾಲೇಜಲ್ಲಿ ಹೇಳ್ಕೊಟ್ಟಿರ್ಬೇಕಲ್ಲ."

ನಾನು ನಕ್ಕೆ. ಅತ್ತೆ ನಗಲಿಲ್ಲ. ಆ ಸಂಜೆ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ ಅಂದರು: "ಕಾಯಿ ಕೊಟ್ವಿ, ನಿಂಬೆಹಣ್ಣು ಕೊಟ್ವಿ. ಸಾಲ್ದು ಅಂತ ಗಾಡಿ ಕಾಲು ತಗೊಂಡ್ತು. ಅರ್ಧ ತಗೊಂಡಿದ್ದು ಅಷ್ಟಕ್ಕೇ ಬಿಡಲ್ಲ ಕಣಮ್ಮ. ಒಂದೋ ಪೂರ್ತಿ ಇದನ್ನ ತಗೊಳುತ್ತೆ, ಇಲ್ಲಾ…" ಉಳಿದದ್ದನ್ನು ಹೇಳಲಿಲ್ಲ. ಕಾರು ಓಡಿಸುವುದು ಅವರ ಒಬ್ಬನೇ ಮಗ.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಯಂತ್ರಕ್ಕೆ ಇಚ್ಛೆಯಿಲ್ಲ ಎಂದೆ. ಬೆಚ್ಚಗಿನ ಎಂಜಿನ್ನಿಗೆ ಬೆಕ್ಕು ಹತ್ತುವುದು ಎಲ್ಲ ಊರಿನಲ್ಲೂ ಇದೆ ಎಂದೆ. ಬಲಿ ಕೇಳುವ ಶಕ್ತಿಯೊಂದು ಇದ್ದರೂ ಅದು ಸಾಲದ ಬಾಕಿಯಂತೆ ವರ್ತಿಸಬೇಕೆಂದೇನಿದೆ ಎಂದೂ ಕೇಳಿದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಸರಿ ಬಿಡಮ್ಮ, ನೀನು ಹೇಳಿದ್ದೇ ಸರಿ" ಎಂದು ಸೊಪ್ಪಿನ ದಂಟುಗಳನ್ನು ಮೊರದಲ್ಲಿ ಎತ್ತಿಕೊಂಡು ಒಳಗೆ ಹೋದರು. ವೇದಿಕೆಯಲ್ಲಿ ಎದುರಾಳಿ ಮೌನವಾದರೆ ಗೆದ್ದೆವೆಂದು ಅರ್ಥ. ಈ ಮನೆಯಲ್ಲಿ ಅತ್ತೆ ಮೌನವಾದರೆ ಯಾವುದೋ ಕೆಲಸ ಶುರುವಾಯಿತೆಂದು ಅರ್ಥ.

ಮರುದಿನದಿಂದ ನಾನು ಹೊರಗೆ ಹೋಗುವಾಗ ರಾಗಿ ಕೋಣೆಯ ಚಿಲಕ ಹಾಕತೊಡಗಿದೆ. ಚಿಲಕ ಹಾಕುವುದನ್ನು ಅವರು ನೋಡಿದರು. ನೋಡಿದರೆಂದು ನನಗೂ ಗೊತ್ತಾಯಿತು. ಮಹಡಿಯ ಮೇಲೆ ಕಾಲಕ್ಕಲ್ಲದ ಕಾಲದಲ್ಲಿ ಒಣಮೆಣಸಿನಕಾಯಿ ಹರಡಿದ್ದರು. ಯಾಕೆಂದು ಕೇಳಿದ್ದಕ್ಕೆ ಸಾರಿನ ಪುಡಿಗೆ ಎಂದರು.

ಆ ಮಂಗಳವಾರ ಮಧ್ಯಾಹ್ನ ಜೀವನ್ ಬಿಮಾ ನಗರದಲ್ಲಿ ಪಾದಚಾರಿ ಮಾರ್ಗದ ಬಗ್ಗೆ ನಿವಾಸಿಗಳ ಸಭೆಯಿತ್ತು. ನಾನೇ ಕರೆದ ಸಭೆ, ತಪ್ಪಿಸುವಂತಿರಲಿಲ್ಲ. ಹಿಂದಿರುಗಿ ನಮ್ಮ ಗಲ್ಲಿಗೆ ಕಾಲಿಟ್ಟಾಗ ಇನ್ನೂ ಬೆಳಕಿತ್ತು. ಎರಡು ಮನೆ ಆಚೆಯೇ ಗಂಟಲು ಹಿಡಿಯಿತು. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಹೊಗೆ.

ದೃಷ್ಟಿ ತೆಗೆಯುವ ಪದ್ಧತಿ ನನಗೆ ಹೊಸದಲ್ಲ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿಯನ್ನು ನೀವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಘಾಟು ಬಂದರೆ ದೃಷ್ಟಿ ಇರಲಿಲ್ಲವೆಂದು ಲೆಕ್ಕ. ಬಾರದಿದ್ದರೆ ಭಾರೀ ದೃಷ್ಟಿ, ಇನ್ನಷ್ಟು ಹಾಕಬೇಕು. ಅತ್ತೆ ಚಿಲಕ ತೆಗೆದು ಒಳಗೆ ಹೋಗಿ, ಬೆಕ್ಕಿಗೆ ನೀವಾಳಿಸಿ ಮೊದಲ ಹಿಡಿ ಹಾಕಿದಾಗ ಕೆಂಡದ ಮೇಲೆ ಬೂದಿ ಕವಿದಿತ್ತಂತೆ. ಘಾಟೇ ಬರಲಿಲ್ಲ. ಹೆದರಿ ಎರಡನೆಯ ಹಿಡಿ, ಮೂರನೆಯ ಹಿಡಿ ಹಾಕಿದರು. ಬೂದಿಯಡಿಯ ಕೆಂಡ ಹೊತ್ತಿಕೊಂಡಾಗ ಎಲ್ಲವೂ ಒಮ್ಮೆಗೇ ಉರಿಯಿತು. ಬೆಕ್ಕು ಓಡದಿರಲೆಂದು ಬಾಗಿಲು ಮುಚ್ಚಿದ್ದ, ಒಂದೇ ಕಿಟಕಿಯ ಕೋಣೆ ಅದು.

ನಾನು ಒಳಗೆ ಹೋದಾಗ ಬಾಗಿಲು ತೆರೆದಿತ್ತು. ಅತ್ತೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದರು. ಬೆಕ್ಕು ಅವರ ಸೆರಗಿನೊಳಗಿತ್ತು, ಕಾಲರು ಒಡೆದು ಪಕ್ಕದಲ್ಲಿ ಬಿದ್ದಿತ್ತು. ಅವರ ಮುಂಗೈ ಪರಚಿ ಹೋಗಿತ್ತು. ಅಂಗೈ ಗಾಯದ ಮೇಲೆ ಒತ್ತಿತ್ತು, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

"ಕಿಟಕಿಗೆ ಹಾರ್ಬಿಡ್ತು" ಎಂದರು ಕೆಮ್ಮುತ್ತ. ನಾನು ನೋಡಬೇಕೆಂದು ಬಾಗಿದರೆ, "ಕೈ ತೆಗಿಯಲ್ಲ. ತೆಗೆದ್ರೆ ಇನ್ನೂ ಬರುತ್ತೆ" ಎಂದರು.

ಆ ಹೊತ್ತಿಗೆ ನನ್ನ ಗಂಡ ಬಂದು ಕಾರನ್ನು ಒಳಗೆ ತರುತ್ತಿದ್ದರು. ಮತ್ತೆ ತಿರುಗಿಸಲು ಹೇಳಿದೆ. ಅತ್ತೆ ಬೆಕ್ಕನ್ನು ಬಿಡುವಂತಿರಲಿಲ್ಲ; ಬೆಕ್ಕಿನೊಡನೆ ಅವರೂ ಬರಲೇಬೇಕು. ಕಾರಿನ ಮುಂದೆ ಬಂದು ಅವರು ನಿಂತುಬಿಟ್ಟರು. ಹತ್ತುವುದಿಲ್ಲವೆಂದೇ ತಿಳಿದೆ.

"ಮೊದ್ಲು ಬಾನೆಟ್ ತಟ್ಟು" ಎಂದರು. "ನನ್ನ ಕೈ ಖಾಲಿ ಇಲ್ಲ."

ಎಂಜಿನ್ ನಿಂತೇ ಇರಲಿಲ್ಲ. ಒಳಗೆ ಏನೂ ಇರುವ ಸಾಧ್ಯತೆಯಿರಲಿಲ್ಲ. ಆ ವಾದ ನಾಲಿಗೆಯ ತುದಿಗೆ ಬಂದಿತ್ತು. ನಾನು ತಟ್ಟಿದೆ. ಅವರು ಕಿವಿಗೊಟ್ಟು ಕೇಳಿ, ಹತ್ತಿದರು.

ನೂರಡಿ ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ಅಂಗುಲ ಅಂಗುಲ ಸರಿಯುವಾಗ ಅತ್ತೆ ಬೆಕ್ಕಿನ ತಲೆಯನ್ನು ನೋಡುತ್ತಲೇ ಹೇಳಿದರು: "ಸಾಯ್ಲಿ ಅಂತ ಮಾಡ್ಲಿಲ್ಲ ಕಣಮ್ಮ. ನೀನು ಚಿಲಕ ಹಾಕ್ದಾಗ್ಲೇ ಗೊತ್ತಾಯ್ತು, ನೀನು ಹಂಗಂದ್ಕೊಂಡಿದ್ದೀಯ ಅಂತ. ಇದು ಬದುಕ್ಬಿಟ್ರೆ ಗಾಡಿ ಸೋತಂಗೆ. ಅವನಿಗೂ ಏನೂ ಆಗಲ್ಲ. ಅದಕ್ಕೇ ಮಾಡ್ದೆ."

ಸ್ಟೀರಿಂಗ್ ಹಿಡಿದಿದ್ದ ಮಗ ಹಿಂದಿರುಗಿ ನೋಡಲಿಲ್ಲ. ಬೆಕ್ಕಿನ ಉಸಿರು ಅವರ ಸೆರಗನ್ನು ಏರಿಸುತ್ತಿತ್ತು, ಇಳಿಸುತ್ತಿತ್ತು. ಎರಡರ ನಡುವಿನ ಅಂತರ ಉದ್ದವಾಗುತ್ತಿದೆಯೆಂದು ನನಗನ್ನಿಸಿತು.

ಮೇಲಿನ ಹೊಲಿಗೆಗಳು ಕಿತ್ತಿದ್ದವು, ಒಳಪದರ ಹಿಡಿದುಕೊಂಡಿತ್ತು. ವೈದ್ಯೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಹೊಲಿದರು. ಅತ್ತೆ ಕೈ ತೆಗೆಯದೆ ಒತ್ತಿ ಹಿಡಿದದ್ದರಿಂದ ಉಳಿಯಿತು ಎಂದರು. ಹೊಗೆಯ ಬಗ್ಗೆ ನಾನು ಹೇಳಿದಾಗ ಅವರು ಮತ್ತೇನೋ ಅನ್ನಲು ಹೊರಟು, ಅತ್ತೆಯ ಪರಚಿದ ಕೈಗೆ ಔಷಧಿ ಹಚ್ಚಿ, ಚುಚ್ಚುಮದ್ದು ಹಾಕಿಸಿಕೊಳ್ಳಲು ಹೇಳಿ ಕಳಿಸಿದರು.

ಬೆಕ್ಕು ಬದುಕಿತು. ಈಗ ಮೂರು ಕಾಲಿನಲ್ಲಿ ಮಹಡಿ ಮೆಟ್ಟಿಲು ಹತ್ತುತ್ತದೆ, ಚಿಕ್ಕತ್ತೆಯವರಿಗೆ ಬೇಕೆಂದೇ ಅಡ್ಡ ಹೋಗುತ್ತದೆ. ರಾಗಿ ಕೋಣೆಗೆ ಚಿಲಕ ಹಾಕುವುದಿಲ್ಲ. ಮೆಣಸಿನಕಾಯಿಯ ಹೊಗೆ ಕೋಣೆಯೊಳಗೆ ಬೇಡ, ಹಿತ್ತಲಲ್ಲಿ ಎಂಬ ಹೊಸ ಒಪ್ಪಂದವಿದೆ. ನನ್ನ ಹಿಂದಿನ ಒಪ್ಪಂದದ ಫಲ ಏನಾಯಿತೆಂದು ಅತ್ತೆ ಈವರೆಗೆ ಒಮ್ಮೆಯೂ ಎತ್ತಿ ಆಡಿಲ್ಲ.

ಬೆಳಿಗ್ಗೆ ನನ್ನ ಗಂಡ ಹೊರಡುವ ಮುನ್ನ ಅತ್ತೆ ಬಾನೆಟ್ ತಟ್ಟುತ್ತಾರೆ. ಅದು ಒಳ್ಳೆಯ ಅಭ್ಯಾಸವೆಂದು, ಎಲ್ಲರೂ ಮಾಡಬೇಕೆಂದು ನಾನು ಸಭೆಗಳಲ್ಲೂ ಹೇಳುತ್ತೇನೆ. ಆದರೆ ಅವರು ತಟ್ಟಿದ ಮೇಲೆ ಕಿವಿಗೊಟ್ಟು ನಿಲ್ಲುವ ಆ ಹೊತ್ತಿನಲ್ಲಿ ಬೆಕ್ಕು ನನ್ನ ಕಾಲ ಬಳಿಯೇ ಕುಳಿತಿರುತ್ತದೆ. ಒಳಗೆ ಇರಬಹುದಾದದ್ದು ಬೆಕ್ಕಲ್ಲವೆಂದು ಅತ್ತೆಗೂ ನನಗೂ ಗೊತ್ತು. ಕಾರು ಗಲ್ಲಿಯ ತಿರುವಿನಲ್ಲಿ ಮರೆಯಾಗುತ್ತದೆ. ಬೆಕ್ಕಿನ ಎಡಗಿವಿ ತುರಿಸುತ್ತದೆ, ಇಲ್ಲದ ಕಾಲಿನ ಬುಡ ಅದುರುತ್ತದೆ. ನಾನು ಕುಳಿತು ಕೆರೆಯುತ್ತ ಫೋನನ್ನು ಪಕ್ಕದಲ್ಲಿಟ್ಟುಕೊಂಡಿರುತ್ತೇನೆ. ಸೇತುವೆ ದಾಟಿದೆನೆಂಬ ಗಂಡನ ಸಂದೇಶ ಬರುವವರೆಗೆ ಅತ್ತೆ ಒಳಗೆ ಪಾತ್ರೆ ಸದ್ದು ಮಾಡುವುದಿಲ್ಲ.

ಅವರು ಕೇಳುವುದಿಲ್ಲ. ಸಂದೇಶ ಬಂದೊಡನೆ ನಾನೇ ಕೂಗಿ ಹೇಳುತ್ತೇನೆ.