ಬೂದಿ ಮುಟ್ಟಿ ನೋಡುತ್ತಿದ್ದ ಬೀಗರು

ನನ್ನ ಮೊಮ್ಮಗಳು ಕಾವ್ಯಳಿಗೆ ಬಂಡೀಪುರದ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್ ಕೆಲಸ ಸಿಕ್ಕಿತು. ನಿನ್ನೆ ಬೆಳಿಗ್ಗೆ ಆರ್ಡರ್ ಬಂತು. ಖಾಕಿ ಬಟ್ಟೆ, ಬೂಟು, ಟೋಪಿ ಎಲ್ಲ ಉಂಟಂತೆ. ಆಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಎದುರು ಮನೆಯ ಟೀಚರಮ್ಮನಿಗೆ ಹೇಳಿದೆ, ಗ್ಯಾಸ್ ಸಿಲಿಂಡರ್ ಇಳಿಸಲು ಬಂದವನು ಕೇಳದೇ ಇದ್ದರೂ ಅವನನ್ನು ಕೂರಿಸಿ, ಟೀ ಕೊಟ್ಟು ಹೇಳಿದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಆ ಕಾಗದದಲ್ಲಿ ಅವಳ ಹೆಸರು ಎಲ್ಲಿದೆ ಎಂದು ಹುಡುಕಿ, ಬೆರಳಿಟ್ಟು ಓದಿಕೊಂಡೆ. ಮಿಕ್ಕಿದ್ದು ನನಗೆ ಬೇಕಾಗಿಯೂ ಇರಲಿಲ್ಲ.

ಮನೆಯಲ್ಲಿ ಬಾಯಿ ಬಿಡದೆ ಇದ್ದವನು ಒಬ್ಬನೇ, ನನ್ನ ಮಗ ಮಹೇಶ. ಕಾವ್ಯಳ ಅಪ್ಪ. ತಾಂಡ್ಯದ ಫ್ಯಾಕ್ಟರಿಗೆ ಹೊರಟು ನಿಂತಿದ್ದವನು ಆರ್ಡರನ್ನು ಓದಿ, ಮಡಿಸಿ, ಟಿವಿ ಪಕ್ಕ ಇಟ್ಟು, ಹೆಲ್ಮೆಟ್ ಹಾಕಿಕೊಂಡು ಹೋಗಿಬಿಟ್ಟ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಪ್ಪ ಹೂಂ ಅನ್ನದೆ ನಾನು ಡ್ಯೂಟಿಗೆ ಸೇರುವುದಿಲ್ಲ ಎಂದು ಹುಡುಗಿ ಮೊದಲೇ ಹೇಳಿಯಾಗಿತ್ತು. ಖುಷಿಯ ಸುದ್ದಿ ಬಂದ ಮನೆಯಲ್ಲಿ ನಾವು ಇಡೀ ದಿನ ಅವನ ಬೈಕಿನ ಸದ್ದು ಕಾಯುತ್ತಾ ಕೂರುವ ಹಾಗಾಯಿತು.

ಈ ಹುಡುಗಿಗೆ ಕಾಡಿನ ಹುಚ್ಚು ಹಿಡಿಸಿದ್ದೂ, ಮಹೇಶನ ಬಾಯಿ ಕಟ್ಟಿಸಿದ್ದೂ ಒಬ್ಬರೇ. ನಮ್ಮ ಬೀಗರು. ಸೊಸೆ ಮಂಗಳಳ ಅಪ್ಪ ನಿಂಗಯ್ಯನವರು.

ಅವರದು ಹೆಡಿಯಾಲದ ಆಚೆ, ಕಾಡಿನ ಅಂಚಿಗೆ ಅಂಟಿಕೊಂಡ ಊರು. ಬೇಸಿಗೆ ಬಂತೆಂದರೆ ಕಾಡಿಗೆ ಬೆಂಕಿ ಬೀಳದಂತೆ ಕಾಯುವುದಕ್ಕೆ ಕರೆಯುತ್ತಿದ್ದ ಆಳುಗಳಲ್ಲಿ ಅವರೊಬ್ಬರು. ಎತ್ತರದ ಒಣಕಲು ಆಸಾಮಿ. ಎಡಗಡೆಯ ಹುಬ್ಬು ಯಾವುದೋ ಬೇಸಿಗೆಯಲ್ಲಿ ಸುಟ್ಟುಹೋಗಿ ಮತ್ತೆ ಬೆಳೆಯಲೇ ಇಲ್ಲ, ಬಲಗಡೆಯದು ಮಾತ್ರ ಪೊದೆಯಂತೆ ನಿಂತಿತ್ತು. ಅದರಿಂದಾಗಿ ಅವರು ಸುಮ್ಮನೆ ಕೂತಿದ್ದರೂ ಏನನ್ನೋ ಕೇಳುತ್ತಿರುವವರ ಹಾಗೆ ಕಾಣುತ್ತಿದ್ದರು. ಹೊಸಬರು ಏನು ಬೇಕು ಎಂದು ವಿಚಾರಿಸುವುದು, ಇವರು ಏನೂ ಬೇಡವಲ್ಲ ಎಂದು ಗಾಬರಿಯಾಗುವುದು, ಇದು ನಡೆದೇ ಇರುತ್ತಿತ್ತು.

ನಾವು ಬನ್ನೂರಿನ ಕಡೆಯವರು, ಕಬ್ಬು ಭತ್ತದ ಸೀಮೆ; ಮಹೇಶನ ಫ್ಯಾಕ್ಟರಿ ಕೆಲಸಕ್ಕೆಂದು ನಂಜನಗೂಡಿಗೆ ಬಂದು ಮನೆ ಮಾಡಿದವರು. ಮಹೇಶನಿಗೆ ಹೆಣ್ಣು ನೋಡಲು ಮೊದಲ ಸಲ ಅವರ ಊರಿಗೆ ಹೋದಾಗ ಹಿತ್ತಲಿನಿಂದ ಕೋಳಿಸಾರಿನ ಘಮ ಬರುತ್ತಿತ್ತು, ಊಟ ಮಾತ್ರ ಬರುತ್ತಿರಲಿಲ್ಲ. ನಮ್ಮ ಯಜಮಾನರು ಹಸಿವು ತಾಳುವವರಲ್ಲ. ಒಳಗೆ ಏನಾಗಿದೆ ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ನೋಡಿದರೆ, ಸಾರಿನ ಮಡಕೆ ಒಂದು ಕಡೆ, ಮುದ್ದೆಯ ಪಾತ್ರೆ ಒಂದು ಕಡೆ ಇಳಿಸಿಟ್ಟಾಗಿದೆ. ಈ ಮನುಷ್ಯ ಒಲೆಗೆ ನೀರು ಹೊಯ್ದು, ಕಡ್ಡಿಯಲ್ಲಿ ಕೆದಕಿ, ಮತ್ತೆ ನೀರು ಹೊಯ್ದು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅಂಗೈಯನ್ನು ಬೂದಿಯ ಮೇಲೆ ಇಟ್ಟುಕೊಂಡು ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಒಲೆಗೆ ಹುಷಾರಿಲ್ಲವಾ ಎಂದು ಕೇಳಿದೆ.

“ಇನ್ನೂ ಉಸ್ರಾಡ್ತಾ ಅದ ಕಣವ್ವ. ನಿಂತ್ಮ್ಯಾಲ ಉಣ್ಣಮ” ಅಂದರು.

ಬೂದಿ ತಣ್ಣಗಾಗುವವರೆಗೆ ಆ ಮನೆಯಲ್ಲಿ ಯಾರೂ ತಟ್ಟೆಯ ಮುಂದೆ ಕೂರುವ ಹಾಗಿಲ್ಲ. ಬೀಗತನ ಬೆಳೆದಿದ್ದೇ ತಣ್ಣನೆ ಮುದ್ದೆಯ ಮೇಲೆ. ಮುದ್ದೆ ಎಂದರೆ ಬಿಸಿಯಲ್ಲಿ ಗಂಟಲಿಗೆ ಜಾರಬೇಕು. ಅವರ ಮನೆಯ ಮುದ್ದೆಯನ್ನು ಗಾಡಿಯ ಚಕ್ರಕ್ಕೆ ಅಡ್ಡ ಕೊಟ್ಟರೆ ಇಳಿಜಾರಿನಲ್ಲೂ ಗಾಡಿ ನಿಲ್ಲುತ್ತಿತ್ತು. ಹಾಗಂತ ನಾನು ಅವರ ಎದುರಿಗೇ ಹೇಳುತ್ತಿದ್ದೆ. ಅವರು ನಕ್ಕು, ಇನ್ನೊಂದು ಮುದ್ದೆ ಹಾಕಿಸುತ್ತಿದ್ದರು.

ಮದುವೆಯ ದಿನದ್ದು ಇನ್ನೂ ಚೆನ್ನ. ಅವರ ಊರಿನಲ್ಲೇ ಮದುವೆ, ಮನೆಯ ಹಿಂದೆ ಹಳ್ಳ ತೋಡಿ ದೊಡ್ಡ ಒಲೆ ಹೂಡಿದ್ದರು. ಅನ್ನದ ಹಂಡೆ ಅರ್ಧ ಕುದಿ ಬಂದಿತ್ತು. ಗಾಳಿ ಇದ್ದಕ್ಕಿದ್ದಂತೆ ಕಾಡಿನ ಕಡೆಗೆ ತಿರುಗಿ ಕಿಡಿ ಹಾರತೊಡಗಿತು. ಹೆಣ್ಣಿನ ತಂದೆ ಶಲ್ಯ ಸೊಂಟಕ್ಕೆ ಬಿಗಿದು ಕೊಡಗಟ್ಟಲೆ ನೀರು ತಂದು ಒಲೆಗೆ ಹೊಯ್ದೇಬಿಟ್ಟರು. ಮದುವೆ ಮನೆಯ ಒಲೆ ಆರಿಸುವುದುಂಟೇ ಎಂದು ನಮ್ಮ ಕಡೆಯ ದೊಡ್ಡವರೆಲ್ಲ ಟವಲ್ ಕೊಡವಿ ಎದ್ದು ನಿಂತರು. ಬೀಗರು ಒದ್ದೆ ಬಟ್ಟೆಯಲ್ಲೇ ಕೈಮುಗಿದರು.

“ಅಕ್ಕಿಯ ಇನ್ನೊಂದ್ಸಲ ಬೇಯ್ಸಬೌದು ಸ್ವಾಮಿ” ಅಂದರು. ಅಷ್ಟೇ. ಮುಂದಿನದನ್ನು ಹೇಳದೆ ಕಾಡಿನ ಕಡೆ ನೋಡಿದರು.

ಬೆಂದೂ ಬೇಯದ ಅನ್ನ ದನಗಳಿಗೆ ಹೋಯಿತು. ಗಂಡಿನ ಕಡೆಯವರಿಗೆ ಮೊದಲು ಪಾಯಸ, ಬಾಳೆಹಣ್ಣು, ಆಮೇಲೆ ಬಹಳ ಹೊತ್ತಿಗೆ ಅನ್ನ. ಮಹೇಶ ಖಾಲಿ ಹೊಟ್ಟೆಯಲ್ಲಿ ಬಾಸಿಂಗ ಹೊತ್ತು ಕೂತಿದ್ದ. ಮಾವನ ಮೇಲೆ ಅವನಿಗೆ ಮೊದಲ ಸಿಟ್ಟು ಬಂದದ್ದು ಅವತ್ತು.

ಇವರಿಗೆ ಯಾಕೆ ಈ ಗೀಳು ಎಂದು ನಾನೊಮ್ಮೆ ಕೇಳಿದ್ದುಂಟು. ಬಹಳ ಹಿಂದೆ, ದನ ಮೇಯಿಸುವವರು ಅಡುಗೆ ಮಾಡಿ ಬಿಟ್ಟುಹೋದ ಒಲೆಯೊಂದು ಆರಿದೆ ಎಂದು ಎಲ್ಲರೂ ನಂಬಿದ್ದರಂತೆ. ಮೇಲೆ ಬೂದಿ ಬೆಳ್ಳಗೆ ಇತ್ತು, ಒಳಗೆ ಕೆಂಡ. ಸಂಜೆಯ ಗಾಳಿಗೆ ಅದು ಎದ್ದು ಒಂದು ಗುಡ್ಡವನ್ನೇ ನುಂಗಿತು. ಬೆಂಕಿ ಬಡಿದು ಮುಗಿಸಿ ಕೆಳಗಿಳಿಯುವಾಗ ಅವರು ಕಂಡಿದ್ದು ಕಪ್ಪು ನೆಲದ ಮೇಲೆ ಆಮೆಗಳ ಚಿಪ್ಪು.

“ಜಿಂಕ ಓಡ್ತದ, ಅಕ್ಕಿ ಆರ್ತದ, ಆನ ಅಂತೂ ಮೊದ್ಲೇ ಜಾಗ ಖಾಲಿ ಮಾಡ್ತದ. ಆಮ ಎಲ್ಲಿಗ್ ಓಗದು ಬೀಗಿತ್ತಮ್ಮ? ಮನ ಬೆನ್ ಮ್ಯಾಲ್ ಒತ್ಕಂಡು ಎಷ್ಟ್ ದೂರ ಓಡಾದು?”

ತಮಾಷೆ ಮಾಡಲು ಹೋಗಿದ್ದ ನಾನು ಅವತ್ತು ತಣ್ಣನೆ ಮುದ್ದೆಯನ್ನು ಆಡಿಕೊಳ್ಳದೆ ಉಂಡೆ. ಮಾರನೆಯ ದಿನ ಮತ್ತೆ ಶುರು ಮಾಡಿದೆ, ಅದು ಬೇರೆ.

ತಮಾಷೆಯೆಂದರೆ, ಬೆಂಕಿ ಕಂಡರಾಗದ ಈ ಮನುಷ್ಯನ ಕೆಲಸವೇ ಬೆಂಕಿ ಹಚ್ಚುವುದು. ಸಂಕ್ರಾಂತಿ ಕಳೆದ ಮೇಲೆ ಕಾಡಿನೊಳಗೆ ಉದ್ದುದ್ದಕ್ಕೆ ರಸ್ತೆಯ ಹಾಗೆ ಹುಲ್ಲು, ಲಂಟಾನ ಸವರಿ, ಒಣಗಿಸಿ, ತಾವೇ ಸುಡುತ್ತಿದ್ದರು. ಬೆಂಕಿ ಗೆರೆ ಎನ್ನುತ್ತಾರೆ. ಬೇಸಿಗೆಯ ಬೆಂಕಿ ಆ ಗೆರೆಗೆ ಬಂದು, ತಿನ್ನಲು ಏನೂ ಸಿಗದೆ ಅಲ್ಲೇ ಸಾಯಬೇಕು. ಅದು ದಾಟಿ ಬಂದರೆ ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿಯಬೇಕು. ಆ ಕೊಂಬೆ ಹಿಡಿದ ಕೈ ಊರಿಗೆ ಬಂದರೂ ಸುಮ್ಮನಿರುತ್ತಿರಲಿಲ್ಲ. ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಇವರು ಹೋಗಿ ಪಕ್ಕದಲ್ಲಿ ನಿಲ್ಲುವುದು. ಅವರು ಸೇದಿ ಬಿಸಾಡುವ ತುಂಡನ್ನು ಹೊಸಕಿ ಆರಿಸಿದ ಮೇಲೇ ಬಸ್ ಹತ್ತುವುದು. ಒಬ್ಬ ಪುಣ್ಯಾತ್ಮ, ಪಾಪ, ತುಂಡು ಬೀಡಿಗೆ ಆಸೆಪಟ್ಟು ನಿಂತಿದ್ದಾನೆ ಮುದುಕ ಎಂದುಕೊಂಡು ಹೊಸಾ ಕಟ್ಟನ್ನೇ ಕೊಡಿಸಿ ಹೋದನಂತೆ. ಜನ್ಮದಲ್ಲಿ ಬೀಡಿ ಮುಟ್ಟದ ಬೀಗರು ಆ ಕಟ್ಟು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹುಬ್ಬು ಆಗ ನಿಜವಾಗಿಯೂ ಏನನ್ನೋ ಕೇಳುತ್ತಿತ್ತು.

ಬನ್ನೂರಿನ ಹತ್ತಿರದ ನಮ್ಮ ಗದ್ದೆಗೂ ಒಮ್ಮೆ ಬಂದಿದ್ದರು. ಕಬ್ಬು ಕಡಿದು ಆಗಿತ್ತು, ನೆಲದ ಮೇಲೆ ಉಳಿದ ಒಣ ತರಗಿಗೆ ಅವತ್ತು ಬೆಂಕಿ ಇಡಬೇಕು. ನಮ್ಮಲ್ಲಿ ಎಲ್ಲರೂ ಇಡುತ್ತಾರೆ. ಬೀಗರು ಬೇಡ ಅಂದರು. ನಮ್ಮ ಯಜಮಾನರಿಗೆ ನಗು.

“ಕಬ್ಬಿನ್ ಗದ್ದೇಲಿ ನಿಮ್ ಉಲಿ ಎಲ್ಲೈತೆ ಬೀಗ್ರೇ?”

“ಉಲಿ ಇಲ್ದಿದ್ರೂ ಉಳ ಅವ” ಎಂದು ಹೇಳಿ, ತಲೆಗೆ ಟವಲ್ ಸುತ್ತಿ, ಗದ್ದೆಯ ನಟ್ಟನಡುವೆ ತರಗಿನ ಮೇಲೆ ಕೂತುಬಿಟ್ಟರು. ಹಚ್ಚಿ ಮತ್ತೆ, ಅಂದರು.

ಬೀಗರ ಸುತ್ತ ಬೆಂಕಿ ಹಚ್ಚಲು ಸಾಧ್ಯವೇ? ಪಕ್ಕದ ಗದ್ದೆಯವರು ಬದುವಿನ ಮೇಲೆ ಬಂದು ನಿಂತು ನೋಡಿದರು. ಊಟವನ್ನು ಅಲ್ಲಿಗೇ ಹೊತ್ತುಕೊಂಡು ಹೋದೆ, ದಾರಿಯಲ್ಲಿ ಆರಿತ್ತು, ಅವರಿಗೆ ಅದೇ ರೂಢಿ. ಕೊನೆಗೆ ಯಜಮಾನರೇ ಸೋತು ತರಗನ್ನು ಸಾಲಿನ ನಡುವೆ ಎಳೆಸಿದರು. ಆ ವರ್ಷ ಇಲಿ ಹೆಚ್ಚಾದವು. ಅದಕ್ಕೂ ಬೀಗರಿಗೇ ಬೈಗುಳ. ಮರುವರ್ಷ ಒಂದು ಸಲ ನೀರು ತಡವಾದರೂ, ತರಗಿನಡಿ ನೆಲ ತೇವವಾಗಿಯೇ ಇದ್ದು, ಪೈರು ಬಾಡಲಿಲ್ಲ. ಅದಕ್ಕೆ ಮಾತ್ರ ನಮ್ಮ ಯಜಮಾನರು ತಾವೇ ಕಾರಣ ಎಂದರು. ಗದ್ದೆಗೆ ಬೆಂಕಿ ಇಡುವುದಂತೂ ಅಲ್ಲಿಗೆ ನಿಂತಿತು.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದು ಒಂದಿದೆ. ಒಂದು ಬೇಸಿಗೆ ಬೆಂಕಿ ಗೆರೆ ದಾಟಿ ಬಂತು. ಬೀಗರು ಹಳೇ ರಬ್ಬರ್ ಚಪ್ಪಲಿಯಲ್ಲೇ ನುಗ್ಗಿದ್ದರು. ಚಪ್ಪಲಿ ಕರಗಿ ಪಾದಕ್ಕೆ ಹಿಡಿಯಿತು. ನಂಜನಗೂಡಿನ ಆಸ್ಪತ್ರೆಗೆ ಬೈಕಿನಲ್ಲಿ ಕರೆದುಕೊಂಡು ಬಂದವನು ಮಹೇಶ. ದಾರಿಯುದ್ದಕ್ಕೂ ಮಾವ ನೋವು ಎನ್ನಲಿಲ್ಲವಂತೆ, ಒಂದು ಮರದ ಬುಡದಲ್ಲಿ ಇನ್ನೂ ಹೊಗೆ ಇತ್ತು, ಗಾಡಿ ತಿರುಗಿಸು ಎಂದು ಪೀಡಿಸುತ್ತಿದ್ದರಂತೆ. ಮಹೇಶ ಮನೆಗೆ ಬಂದವನು ಹಿತ್ತಲಿನಲ್ಲಿ ನಿಂತು ವಾಂತಿ ಮಾಡಿದ. ಆ ಪಾದಕ್ಕೆ ಮಂಗಳ ದಿನಾ ಮುಲಾಮು ಹಚ್ಚಿ ಬಟ್ಟೆ ಕಟ್ಟುವಾಗ ಕಾವ್ಯ ಪಕ್ಕದಲ್ಲಿ ಕೂತು ತಾತನಿಂದ ಕಾಡಿನ ಕಥೆ ಹೇಳಿಸಿಕೊಳ್ಳುತ್ತಿದ್ದಳು. ಒಂದೇ ಗಾಯ ನೋಡಿ ಅಪ್ಪನಿಗೆ ಕಾಡು ಬೇಡವಾಯಿತು, ಮಗಳಿಗೆ ಬೇಕಾಯಿತು.

“ಒಂದ್ ಮನೆಗೆ ಒಬ್ರು ಸಾಕು” ಎಂದು ಮಹೇಶ ಆಗ ಹೇಳಿದ್ದು. ಆಮೇಲೆ ಕಾವ್ಯ ಗಾರ್ಡ್ ಆಗುತ್ತೇನೆ ಎಂದಾಗೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ. ಅವಳು ಗಾರ್ಡ್ ಕೆಲಸದ ಓಟದ ಪರೀಕ್ಷೆಗೆಂದು ಕಪಿಲಾ ನದಿಯ ದಂಡೆಯಲ್ಲಿ ಓಡತೊಡಗಿದಳು. ನಮ್ಮ ಯಜಮಾನರು ಮೆಟ್ಟಿಲ ಮೇಲೆ ಟೀ ಕುಡಿಯುತ್ತಾ ಇನ್ನೂ ಜೋರು, ಇನ್ನೂ ಜೋರು ಎನ್ನುವ ಕೋಚ್ ಆದರು. ಮಹೇಶ ಒಂದು ದಿನವೂ ಆ ಕಡೆ ಸುಳಿಯಲಿಲ್ಲ.

ಬೀಗರನ್ನು ನಾನು ಕೊನೆಯ ಸಲ ನೋಡಿದ್ದು ಅವರ ಊರಿನಲ್ಲಿ. ಮಲಗಿದ ಕಡೆಯಿಂದ ಏಳುವ ಶಕ್ತಿ ಇರಲಿಲ್ಲ. ಮೊದಲ ಮಳೆ ಬಿದ್ದರೆ ಬೆಂಕಿಯ ಕಾಲ ಮುಗಿದ ಹಾಗೆ, ಅದನ್ನೇ ಕಾಯುತ್ತಿದ್ದರು. ನನ್ನನ್ನು ಕಂಡ ಕೂಡಲೇ ಮಳೆ ಬಂತಾ ಎಂದು ಕೇಳಿದರು. ಸಮಾಧಾನವಾಗಲಿ ಎಂದು, ಬಂತು, ದಾರಿಯೆಲ್ಲ ಜೋರು ಮಳೆ ಅಂದೆ. ಅವರು ನನ್ನ ಸೆರಗು ಮುಟ್ಟಿ ನೋಡಿದರು, ಬೂದಿ ಮುಟ್ಟುವ ಹಾಗೆ.

“ಸೀರ ಒಣಗೇ ಅದಲ್ಲ ಬೀಗಿತ್ತಮ್ಮ.”

ಬಸ್ಸಿಗೆ ಮೇಲೆ ಮುಚ್ಚಿಗೆ ಇರುತ್ತದಲ್ಲ ಎಂದೆ. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ, ಕಾವ್ಯಳ ವಿಷಯ ಮಹೇಶನಿಗೆ ನೀವೊಂದು ಮಾತು ಹೇಳಿ, ನಿಮ್ಮ ಮಾತು ತೆಗೆದುಹಾಕುವುದಿಲ್ಲ ಎಂದು ಕೇಳಿಕೊಂಡೆ. ಇಲ್ಲವೆಂದು ತಲೆ ಆಡಿಸಿದರು.

“ನಾ ಯೋಳಲ್ಲ. ಅವ್ನ್ ಒಳುಗ್ಲ ಕೆಂಡ ತಾನಾಗೇ ಆರ್ಲಿ. ಮ್ಯಾಲ ಬರೀ ನೀರ್ ಉಯ್ದ್ರ ಆಗದಿಲ್ಲ. ಮಗೀಗೂ ಯೋಳಿವ್ನಿ, ಅವ್ರಪ್ಪನ್ನ ಅಂಗೇ ಬುಟ್ಬುಟ್ಟು ಕಾಡ್ ಕಾಯಾಕ ಓಗ್ಬ್ಯಾಡ ಅಂತ.”

ಅವರು ಹೋದ ಮೇಲೆ ಮಳೆ ಬಂತು. ಮಣ್ಣು ಮಾಡಿ ಬರುವಾಗ ನನ್ನ ಸೀರೆ ನಿಜವಾಗಿಯೂ ನೆನೆಯಿತು.

ತಾತನ ಆ ಮಾತಿನ ಕಾರಣಕ್ಕೇ ನಿನ್ನೆ ಹುಡುಗಿ ಆರ್ಡರ್ ಹಿಡಿದುಕೊಂಡು ಅಪ್ಪನಿಗೆ ಕಾಯುತ್ತಾ ಕೂತಿದ್ದಳು. ಯಜಮಾನರು ನಾಟಿ ಕೋಳಿ ತಂದು, ಗ್ಯಾಸಿನ ಮೇಲೆ ಬೇಡ, ಸೌದೆ ಒಲೆಯಲ್ಲೇ ಆಗಬೇಕು ಎಂದು ಹಠ ಹಿಡಿದರು. ಮಂಗಳ ಹಿತ್ತಲಿನಲ್ಲಿ ಒಲೆ ಹೂಡಿದಳು. ಸಾರು, ಮುದ್ದೆ ಮುಗಿಯುವ ಹೊತ್ತಿಗೆ ಮಹೇಶನ ಬೈಕ್ ಬಂತು. ಕೈಕಾಲು ತೊಳೆದ. ತಟ್ಟೆ ಹಾಕಿದ್ದೆವು. ಅವನು ಅದನ್ನು ದಾಟಿ ಹಿತ್ತಲಿಗೆ ಹೋದ. ಸಿಟ್ಟಿನಿಂದ ಹೊರಟ ಎಂದುಕೊಂಡು ಮಂಗಳ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಚುಸ್ ಎಂದು ಸದ್ದಾಯಿತು.

ಹೋಗಿ ನೋಡಿದರೆ, ಒಲೆಗೆ ನೀರು ಹೊಯ್ದು, ಕಡ್ಡಿಯಲ್ಲಿ ಕೆದಕಿ, ಫ್ಯಾಕ್ಟರಿ ಯೂನಿಫಾರಂ ತೋಳು ಮೇಲೇರಿಸಿ, ಅಂಗೈಯನ್ನು ಬೂದಿಯ ಮೇಲೆ ಇಟ್ಟುಕೊಂಡು ಕುಕ್ಕುರುಗಾಲಲ್ಲಿ ಕೂತಿದ್ದಾನೆ. ಖಾಲಿ ಹೊಟ್ಟೆಯ ಮದುಮಗ. ತಣ್ಣನೆ ಮುದ್ದೆಗೆ ನನಗಿಂತ ಹೆಚ್ಚು ಮುಖ ಸಿಂಡರಿಸುತ್ತಿದ್ದವನು.

“ಇನ್ನೂ ಉಸ್ರಾಡ್ತಾ ಐತೆ. ಕಾವ್ಯ, ಒಂದ್ ಚೊಂಬು ನೀರ್ ತಾ.”

ಅವಳು ತಂದಳು. ಹೊಯ್ದು ಕೆದಕಿದ ಮೇಲೆ ಅವಳ ಕೈ ಹಿಡಿದು ಬೂದಿಯ ಮೇಲೆ ತನ್ನ ಕೈ ಪಕ್ಕದಲ್ಲಿ ಇಟ್ಟ. ಇಬ್ಬರೂ ಹಾಗೇ ಕೂತರು. ನಾವು ಮೂವರು ಬಾಗಿಲಲ್ಲಿ ನಿಂತೇ ಇದ್ದೆವು.

“ಬೂಟ್ ಆಕ್ಕೊಳ್ದೆ ಕಾಡಿಗ್ ಕಾಲಿಡ್ಬೇಡ” ಅಂದ, ಅವಳ ಮುಖ ನೋಡದೆ. “ನಿಮ್ ತಾತ್ನಂಗೆ ಚಪ್ಲೀಲಿ ಓದೆ ಅಂದ್ರೆ ನಾನೇ ಬಂದು ಎಳ್ಕೊಂಡ್ ಬತ್ತೀನಿ.”

ಹೂಂ ಎನ್ನುವುದನ್ನು ಇಷ್ಟು ಉದ್ದಕ್ಕೆ ಹೇಳಿದವನನ್ನು ನಾನು ಕಂಡಿಲ್ಲ. ಮಂಗಳ ಸೆರಗಿನಲ್ಲಿ ಮೂಗು ಒರೆಸಿಕೊಂಡು ಮುದ್ದೆ ಬಡಿಸಲು ಹೋದಳು.

ಐದೂ ಜನ ಒಟ್ಟಿಗೆ ಕೂತೆವು. ಸಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟಿತ್ತು. ಯಜಮಾನರು ಮುದ್ದೆಯನ್ನು ಮುರಿಯಲು ನೋಡಿ, ಆಗದೆ, ಎರಡೂ ಕೈ ಹಾಕಿದರು. “ಬೀಗ್ರು ಊಟುಕ್ ಬಂದವ್ರೆ ಕಣೇ” ಅಂದರು. ಒಳಗೆ ಗ್ಯಾಸ್ ಇತ್ತು, ಸಿಲಿಂಡರ್ ಬೆಳಿಗ್ಗೆಯಷ್ಟೇ ಬಂದಿತ್ತು. ಬಿಸಿ ಮಾಡಿ ತರುತ್ತೇನೆ ಎಂದು ಯಾರೂ ಏಳಲಿಲ್ಲ. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.