ಹಾಲು ಮುಟ್ಟದವರ ಓಟು

ಯಾವುದಾದರೂ ಉಪಚುನಾವಣೆಯ ಫಲಿತಾಂಶ ಬಂದ ದಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಮಂಡ್ಯದಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುವವನು ನಾನು. "ಏನ್ಸಾರ್, ಜನರ ಮನಸ್ಸು ತಿರುಗ್ತಾ ಇದೆಯಾ?" ಎಂದು ಕೇಳುವರು. ನಾನು ಟೀ ಲೋಟ ಕೆಳಗಿಟ್ಟು, ಜಾತಿ ಇಷ್ಟು, ಹೋಬಳಿ ಇಷ್ಟು ಎಂದು ಅರ್ಧ ಗಂಟೆ ಕೊರೆಯುತ್ತಿದ್ದೆ. ಈಗ ಯಾರೂ ಕೇಳುವುದಿಲ್ಲ. ನಮ್ಮೂರಿನ ಒಂದೇ ಒಂದು ಪಂಚಾಯಿತಿ ಸೀಟಿಗೆ ಉಪಚುನಾವಣೆ ನಡೆದು, ಅದರ ಫಲಿತಾಂಶ ಬಂದ ಸಂಜೆ ಒಬ್ಬ ಮನುಷ್ಯನ ಬಲಗೈ ಮುರಿಯಿತು. ಮುರಿಯುವಾಗ ಆ ಕೈಯನ್ನು ಅಲುಗದಂತೆ ಹಿಡಿದಿದ್ದವನು ನಾನು. ಅದು ಎಲ್ಲರಿಗೂ ಗೊತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಇಳಿದು ಎರಡು ಕಿಲೋಮೀಟರು ಒಳಗೆ ನಡೆದರೆ ನಮ್ಮೂರು. ಸದಸ್ಯನೊಬ್ಬ ತೀರಿಕೊಂಡು ಅವಧಿಯ ನಡುವೆ ಸೀಟು ಖಾಲಿಯಾಯಿತು, ನಮ್ಮಣ್ಣ ನಿಂತ. ನಿಲ್ಲಬೇಕೋ ಬೇಡವೋ ಎಂದು ಅವನು ಯಾರನ್ನೂ ಕೇಳಲಿಲ್ಲ. ಅಪ್ಪನ ಕಾಲದಿಂದಲೂ ಆ ಸೀಟಿಗೆ ಸೇರಿದ ಬೀದಿಗಳ ಓಟು ನಮ್ಮ ಜಗಲಿ ಹೇಳಿದ ಕಡೆಗೇ ಬೀಳುತ್ತಿತ್ತು. ನಮ್ಮದು ಹೊಡೆಯುವ ಮನೆ, ಇದನ್ನು ಮುಚ್ಚಿಟ್ಟು ಬರೆಯಲಾರೆ. ಅಪ್ಪ ದನದ ಹಗ್ಗದಲ್ಲಿ ನಮ್ಮನ್ನೂ ಅವ್ವನನ್ನೂ ಬಾರಿಸುತ್ತಿದ್ದ. ಅಣ್ಣ ಕೈಗೆ ಸಿಕ್ಕಿದ್ದರಲ್ಲಿ ಅತ್ತಿಗೆಯನ್ನು ಬಡಿಯುತ್ತಿದ್ದ. ನಾನು ಓದಿದವನು, ಹೆಂಡತಿಗೆ ಬರಿಗೈಯಲ್ಲಿ ಹೊಡೆಯುತ್ತಿದ್ದೆ. ಅದನ್ನೇ ಸಂಸ್ಕಾರ ಎಂದುಕೊಂಡಿದ್ದೆ.

ಅಣ್ಣನಿಗೆ ಎದುರಾಗಿ ನಿಂತವಳು ಪಕ್ಕದ ಬೀದಿಯ ಸೊಸೆ, ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಅಣ್ಣನ ಗುರುತು ಟೀವಿ, ಅವಳದು ಹೊಲಿಗೆ ಮಿಷನ್ನು. ಅವಳು ಕೇಳುತ್ತಿದ್ದದ್ದು ಒಂದೇ ಮಾತು: ಬೀದಿ ನಲ್ಲಿಗೆ ಬೆಳಗ್ಗೆ ಆರಕ್ಕೆ ನೀರು ಬಿಡಬೇಕು. ಗಾರ್ಮೆಂಟ್ಸಿನ ವ್ಯಾನು ಏಳೂವರೆಗೆ ಬರುತ್ತದೆ, ನೀರು ಬರುವುದು ಒಂಬತ್ತಕ್ಕೆ. ನೀರುಗಂಟಿ ನಮ್ಮ ಕಡೆಯವನು, ಅವನು ಏಳುವುದೇ ಎಂಟೂವರೆಗೆ. ಇದೂ ಒಂದು ಚುನಾವಣಾ ವಿಷಯವೇ ಎಂದು ನಾವು ಗಂಡಸರು ಅರಳಿಕಟ್ಟೆಯಲ್ಲಿ ಕೂತು ನಕ್ಕೆವು. ಆ ವ್ಯಾನಿನೊಳಗೆ ದಿನವೂ ಹೋಗಿಬರುವ ಮೂವತ್ತು ಹೆಂಗಸರು ಏನು ಮಾತಾಡುತ್ತಾರೆಂದು ನಮ್ಮಲ್ಲಿ ಒಬ್ಬನಿಗೂ ಅನ್ನಿಸಲಿಲ್ಲ.

ಒಂದು ಸಂಜೆ ಅವಳು ಹಾಲಿನ ಡೈರಿಯ ಮುಂದೆ ಚೀಟಿ ಹಂಚುತ್ತಿದ್ದಳು. ಅಣ್ಣ ಬೈಕು ನಿಲ್ಲಿಸಿದ, ಹಿಂದೆ ನಾನು ಕೂತಿದ್ದೆ.

"ಏನಮ್ಮಿ, ಗಂಡನ್ನ ಕೇಳ್ಕಂಡು ನಿಂತಿದ್ದೀಯಾ?"

"ನನ್ ಗಂಡನ್ನ ಕೇಳಿದ್ದೀನಿ ಕಣಣ್ಣಯ್ಯ. ನಿಮ್ಮನ್ನೂ ಕೇಳ್ಬೇಕಾಗಿತ್ತಾ?"

ಅಣ್ಣ ಕೆನ್ನೆಗೆ ಬಿಟ್ಟ. ಕಿವಿಯ ಓಲೆ ಹಾರಿ ಹಾಲಿನ ಕ್ಯಾನಿಗೆ ತಗುಲಿ ಟಣ್ ಎಂದಿತು, ಹರಿದ ಕಿವಿಯಿಂದ ರಕ್ತ ಕತ್ತಿನವರೆಗೂ ಇಳಿಯಿತು. ಗಂಡಸರು ನಕ್ಕರು. ನಾನೂ ನಕ್ಕೆ, ಆ ನಗು ಈಗಲೂ ಬಾಯಲ್ಲಿ ಕಹಿಯಾಗುತ್ತದೆ. ಸಾಲಿನಲ್ಲಿದ್ದ ಹೆಂಗಸರು ತಮ್ಮ ತಮ್ಮ ಹಾಲು ಅಳೆಸಿ ಹೊರಟರು. ಅದೇ ಸಾಲಿನಲ್ಲಿದ್ದ ಅವ್ವ ಬಗ್ಗಿ ಓಲೆಯನ್ನು ಹುಡುಕಿ, ಸೆರಗಿನಲ್ಲಿ ಒರೆಸಿ, ಅವಳ ಕೈಗೆ ಕೊಟ್ಟಳು. ಅಣ್ಣ ಗುರುಗುಟ್ಟಿದ, ಅಷ್ಟೇ.

ಓಟಿನ ಹಿಂದಿನ ದಿನ ನಮ್ಮಲ್ಲಿ ಹಾಲು ಮುಟ್ಟಿಸುವುದು ಅಪ್ಪನ ಕಾಲದ ಪದ್ಧತಿ. ಮಾರಮ್ಮನ ಗುಡಿಯ ಮುಂದೆ ಚೊಂಬಿನಲ್ಲಿ ಹಾಲು ಇಟ್ಟಿರುತ್ತದೆ. ಮನೆಗೊಬ್ಬ ಹಿರಿಯ ಗಂಡಸು ಬಂದು ಬೆರಳು ಅದ್ದಿ, ನಮ್ಮನೆ ಓಟು ನಿಮಗೇ ಎಂದು ಹೇಳಿ ಹೋಗಬೇಕು. ಹಾಲು ಮುಟ್ಟಿ ತಪ್ಪಿದವನ ಮನೆ ಉದ್ಧಾರವಾಗುವುದಿಲ್ಲ ಎಂಬ ಭಯ ಇಂದಿಗೂ ಇದೆ. ಗಂಡಸು ಮುಟ್ಟಿದರೆ ಮನೆಯೇ ಮುಟ್ಟಿದ ಹಾಗೆ. ಆ ಸಂಜೆ ಒಬ್ಬೊಬ್ಬನೂ ಬೆರಳು ಅದ್ದಿದಂತೆ ನಾನು ಪಕ್ಕದಲ್ಲಿ ಕೂತು, ಮತದಾರರ ಪಟ್ಟಿ ನೋಡಿ ಆ ಮನೆಯ ಓಟುಗಳನ್ನು ಬರೆದುಕೊಳ್ಳುತ್ತಾ ಹೋದೆ. ಮೆಕ್ಯಾನಿಕ್ಕೂ ಬಂದ. ಪಂಪ್‌ಸೆಟ್ ಮೋಟಾರು ಸುಟ್ಟರೆ ತಂತಿ ಬಿಚ್ಚಿ ಹೊಸದಾಗಿ ಸುತ್ತಿಕೊಡುವವನು, ಊರಿಗೆಲ್ಲ ಅವನೊಬ್ಬನೇ. ಅವನದು ಊರಿಗೆ ಒಂದೇ ಸಾಬರ ಮನೆ, ಒಂಬತ್ತು ಓಟು. "ಮುಟ್ಟಿದೀನಿ ಕಣಣ್ಣ," ಎಂದು ಬೆರಳನ್ನು ಎತ್ತಿ ತೋರಿಸಿ ಹೋದ. ಎಲ್ಲ ಕೂಡಿಸಿ ಗೆರೆ ಎಳೆದೆ, ಇನ್ನೂರೈವತ್ತಾರು. ಬೀಳುವ ಓಟೆಲ್ಲ ಸೇರಿದರೂ ನಾನೂರರ ಆಸುಪಾಸು. "ಗೆದ್ದಾಯ್ತು ಬುಡು," ಎಂದೆ.

ಎಣಿಕೆ ಮದ್ದೂರಿನಲ್ಲಿ. ಅಣ್ಣ ಆಗಲೇ ಮಳವಳ್ಳಿಯಿಂದ ತಮಟೆಯವರನ್ನು ಕರೆಸಿ ಊರಬಾಗಿಲಲ್ಲಿ ಕೂರಿಸಿದ್ದ, ಕಾರಿನ ಡಿಕ್ಕಿಯಲ್ಲಿ ಪಟಾಕಿ ತುಂಬಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಟೀವಿಗೆ ನೂರ ತೊಂಬತ್ತೊಂಬತ್ತು, ಹೊಲಿಗೆ ಮಿಷನ್ನಿಗೆ ಇನ್ನೂರೆಂಟು. ಒಂಬತ್ತು ಓಟಿನ ಸೋಲು.

ನನ್ನ ಪಟ್ಟಿಯ ಐವತ್ತೇಳು ಓಟು ಕಾಣೆಯಾಗಿದ್ದವು. ಪಾಠ ಹೇಳುವವನು ಕೇಳಬೇಕಾಗಿದ್ದ ಪ್ರಶ್ನೆ ಅದು. ಒಂಬತ್ತು ಓಟು ಈ ಕಡೆಯಿಂದ ಆ ಕಡೆಗೆ ಹೋದರೆ ಅಂತರ ಹದಿನೆಂಟಾಗುತ್ತದೆ ಎಂಬುದು ಪಿಯುಸಿ ಹುಡುಗರಿಗೂ ತಿಳಿಯುವ ಲೆಕ್ಕ. ಆದರೆ ಕಾರಿನಲ್ಲಿ ಅಣ್ಣ ಸ್ಟಿಯರಿಂಗಿಗೆ ಗುದ್ದುತ್ತಾ "ಯಾವನ್ಲಾ ಕೊಟ್ಟ ಕೈ? ಯಾರಂತ ಏಳ್ಲಾ, ನೀನೇ ಅಲ್ವಾ ಬರ್ಕಂಡವ್ನು!" ಎಂದು ಕಿರುಚುತ್ತಿದ್ದ. ನನಗೂ ಉರಿ ಹತ್ತಿತ್ತು, ಲೆಕ್ಕ ತಪ್ಪಿದ ಅವಮಾನ ಬೇರೆ. ಪಟ್ಟಿಯ ಮೇಲೆ ಬೆರಳಾಡಿಸಿ, ಒಂಬತ್ತು ಎಂದು ಬರೆದಿದ್ದ ಕಡೆ ನಿಲ್ಲಿಸಿದೆ.

"ಒಂಬತ್ತು ಓಟಿನ ಮನೆ ಒಂದೇ ಇರೋದು," ಎಂದೆ.

ನಮ್ಮವರಲ್ಲೇ ಎಂಟು ಓಟಿನ ಮನೆಗಳು ನಾಲ್ಕಿದ್ದವು, ಆ ಕಡೆ ನನ್ನ ಬೆರಳು ಹೋಗಲಿಲ್ಲ. ಹಿಂದೆ ನಿಲ್ಲುವವರು ಯಾರೂ ಇಲ್ಲದ ಮನೆಯ ಮೇಲೆ ನಿಂತಿತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಮೆಕ್ಯಾನಿಕ್ಕಿನ ಅಂಗಡಿ ಡೈರಿಯ ಪಕ್ಕ. ನಾವು ಇಳಿದಾಗ ಹಾಲು ಹಾಕುವ ಹೊತ್ತು, ಬೀದಿ ತುಂಬ ಜನ. ಅವನು ಮಂಡಿಯ ನಡುವೆ ಮೋಟಾರು ಇಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಾ ಸುತ್ತುಗಳನ್ನು ಎಣಿಸುತ್ತಿದ್ದ. ಅಣ್ಣ ಎದೆಗೆ ಒದ್ದ. ಮೋಟಾರು ಅವನ ಕಾಲಿನ ಮೇಲೆ ಉರುಳಿತು. ಏಳಲು ಹೋದವನ ಕೂದಲು ಹಿಡಿದು ಮುಖವನ್ನು ಗೋಡೆಗೆ ಬಡಿದ, ಮತ್ತೆ ಬಡಿದ. ಹಲ್ಲೊಂದು ತಂತಿಯ ಸಿಂಬೆಯೊಳಗೆ ಬಿತ್ತು. ನಾನು ಅಷ್ಟರಲ್ಲಿ ಸಾಮಾನಿನ ಕಪಾಟನ್ನು ಕೆಡವಿದ್ದೆ.

"ಆಲು ಮುಟ್ಟಿದೀನಿ ಮೇಷ್ಟ್ರೇ, ನಿಮ್ಮ ಮುಂದೇನೇ ಮುಟ್ಟಿದೀನಿ," ಎಂದು ಅವನು ನನ್ನ ಕಡೆ ಕೈ ಚಾಚಿದ. ನಾನು ಬಿಡಿಸುತ್ತೇನೆ ಎಂದುಕೊಂಡಿದ್ದನೇನೋ.

ಚಾಚಿದ ಆ ಕೈಯನ್ನು ಹಿಡಿದುಕೊಂಡೆ.

"ಮುಟ್ಟಿದ್ದು ಇದೇ ಕೈಯಲ್ವಾ?" ಎಂದ ಅಣ್ಣ. ನಾನು ಮಣಿಕಟ್ಟನ್ನು ಸಾಮಾನು ಬಡಿಯುವ ಕಬ್ಬಿಣದ ಅಡಿಗಲ್ಲಿಗೆ ಒತ್ತಿ, ಅದರ ಮೇಲೆ ನನ್ನ ಭಾರವನ್ನೆಲ್ಲ ಬಿಟ್ಟೆ. ಅಣ್ಣ ದೊಡ್ಡ ಪೈಪ್ ರೆಂಚು ಎತ್ತಿದ. ಮೊದಲ ಏಟಿಗೆ ಮೂಳೆ ಕಬ್ಬಿನ ಜಲ್ಲೆಯಂತೆ ಲಟಕ್ಕೆಂದಿತು. ಎರಡನೆಯದು ಬೆರಳುಗಳ ಮೇಲೆ ಬಿತ್ತು. ಮೂರನೆಯ ಏಟಿನ ಹೊತ್ತಿಗೆ ಅವನು ಕೂಗುವುದನ್ನು ನಿಲ್ಲಿಸಿದ್ದ, ನನ್ನ ಶರಟಿನ ತೋಳು ಒದ್ದೆಯಾಗಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಅವ್ವ ಹಾಲಿನ ಕ್ಯಾನು ಹಿಡಿದು ನಿಂತಿದ್ದಳು. ನಮ್ಮಿಬ್ಬರನ್ನೂ ನೋಡಿದಳು, ಕ್ಯಾನು ಕೆಳಗಿಟ್ಟಳು, ಹಾಲನ್ನೆಲ್ಲ ಅಲ್ಲೇ ಚರಂಡಿಗೆ ಸುರಿದು ಹೊರಟುಹೋದಳು.

ಮನೆಯಲ್ಲಿ ನಾವು ಕೈ ತೊಳೆದು ಕೂತೆವು. ಅತ್ತಿಗೆ ಮುದ್ದೆ ಇಟ್ಟಳು. ಓಟು ಹಾಕಲೆಂದು ಮಂಡ್ಯದಿಂದ ಬಂದಿದ್ದ ನನ್ನ ಹೆಂಡತಿ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವ್ವ ಕಂಬಕ್ಕೆ ಒರಗಿ ನಿಂತು ಹೇಳಿದಳು:

"ಸಾಬರ ಅಟ್ಟಿಯಿಂದ ಓಗಿಲ್ಲ ಕಣ್ಲಾ ಓಟು. ಈ ಅಟ್ಟಿಯಿಂದ ಓಗದೆ."

ಅಣ್ಣನ ಕೈಯ ತುತ್ತು ತಟ್ಟೆಗೆ ಬಿತ್ತು. "ಏನಂದೆ?"

"ಮಿಷನ್ನಿಗೆ ಒತ್ತಿದ್ದು ನಾನು. ನಾನೊಬ್ಳೇ ಅಲ್ಲ, ಬೀದಿ ಬೀದಿ ಎಂಗಸ್ರು. ಆ ಮಗಿನ ಕಿವಿ ಅರಿದ್ಯಲ್ಲ, ಅವತ್ತೇ ಮುಗೀತು ನಿನ್ ಎಲೆಕ್ಸನ್ನು."

"ಆಣೆ ಮಾಡಿ, ಹಾಲು ಮುಟ್ಟಿ..." ಎಂದು ನಾನು ತೊದಲಿದೆ.

"ನಾನೆಲ್ಲಿ ಮುಟ್ಟಿದೆ ಆಲ? ನಿಮ್ಮಪ್ಪನೂ ನನ್ನ ಕೇಳ್ನಿಲ್ಲ, ನೀವೂ ಕೇಳ್ನಿಲ್ಲ. ಗಂಡಸ್ರು ಮುಟ್ಟುದ್ರು, ಗಂಡಸ್ರು ಮಾತು ಉಳಿಸ್ಕಂಡ್ರು. ಆ ಸಾಬಣ್ಣನೂ ಉಳಿಸ್ಕಂಡ."

ಅಣ್ಣ ಎದ್ದು ಕೈ ಎತ್ತಿದ. ಅತ್ತಿಗೆ ನಡುವೆ ಬಂದು ನಿಂತಳು, ಕೈಯಲ್ಲಿ ಮುದ್ದೆ ತಿರುವುವ ಕೋಲು. ಈ ಮನೆಗೆ ಬಂದ ಹದಿನೆಂಟು ವರ್ಷದಲ್ಲಿ ಅವಳು ತಲೆ ಎತ್ತಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಅಣ್ಣನ ಕೈ ಹಾಗೇ ಗಾಳಿಯಲ್ಲಿ ನಿಂತಿತು, ಆಮೇಲೆ ತಟ್ಟೆ ಒದ್ದು ಹೊರಗೆ ಹೋದ. ನಾನು ಹೆಂಡತಿಯ ಕಡೆ ನೋಡಿದೆ. ನೀನು ಯಾರಿಗೆ ಒತ್ತಿದೆ ಎಂದು ಕೇಳಬೇಕೆನ್ನಿಸಿತು. ಅವಳು ಬೆಳ್ಳುಳ್ಳಿ ಬಿಟ್ಟು ನೇರ ನನ್ನ ಕಣ್ಣನ್ನೇ ನೋಡುತ್ತಿದ್ದಳು. ನನಗೆ ಭಯವಾಯಿತು, ಕೇಳಲಿಲ್ಲ. ಇಂದಿಗೂ ಕೇಳಿಲ್ಲ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಅದು ಗೊತ್ತಿದ್ದೂ ಮಾರನೆಯ ಬೆಳಗ್ಗೆ ನಾನು ಹೋದದ್ದು ಕ್ಷಮೆ ಕೇಳಲು ಅಲ್ಲ. ಮೆಕ್ಯಾನಿಕ್ಕನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರು. ಪೊಲೀಸರು ಹೇಳಿಕೆ ತೆಗೆದುಕೊಳ್ಳುವಾಗ ಅವನ ಎದುರಿಗೆ ನಿಂತಿರು ಎಂದು ಅಣ್ಣ ಕಳಿಸಿದ್ದ. ನಿಂತರೆ ಸಾಕು, ಮಾತು ಬೇಕಿಲ್ಲ. ಮೋಸಂಬಿ ಹಿಡಿದು ಅವನ ಮಂಚದ ಕಾಲುಗಡೆ ನಿಂತೆ. ಮೊಣಕೈವರೆಗೂ ಪಟ್ಟಿ ಕಟ್ಟಿದ್ದರು. ಮೂರು ಬೆರಳು ಇನ್ನು ಮಡಿಸಲು ಬರುವುದಿಲ್ಲ, ತಂತಿ ಸುತ್ತುವ ಕೆಲಸ ಮರೆತುಬಿಡಬೇಕು ಎಂದು ಡಾಕ್ಟರು ಅವನ ಹೆಂಡತಿಗೆ ಹೇಳುತ್ತಿದ್ದರು. ಆಕೆ ನನ್ನನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಸರಿದಳು.

ಹೆಡ್ ಕಾನ್‌ಸ್ಟೇಬಲ್ ರೈಟಿಂಗ್ ಪ್ಯಾಡ್ ತೆಗೆದ. "ಹೇಳಪ್ಪ, ಹೇಗಾಯ್ತು?"

ಮೆಕ್ಯಾನಿಕ್ ನನ್ನ ಮುಖ ನೋಡಿದ. ಹೆಂಡತಿ ಮಕ್ಕಳು ಅದೇ ಊರಲ್ಲಿ ಬಾಳಬೇಕು. "ಟಿಲ್ಲರ್ ಬೆಲ್ಟಿಗೆ ಸಿಕ್ತು ಸಾರ್," ಎಂದ.

"ಹಲ್ಲು?"

"ಬಿದ್ದೆ ಸಾರ್."

ನನ್ನ ಎದೆ ಹಗುರಾಯಿತು. ಹೌದು, ಹಗುರಾಯಿತು, ಅಷ್ಟು ನೀಚ ನಾನು. ಅಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಗೆದ್ದವಳು, ಕಿವಿಗೆ ಇನ್ನೂ ಹತ್ತಿ ಇತ್ತು. ಅವಳ ಹಿಂದೆ ಅತ್ತಿಗೆ, ಗಾರ್ಮೆಂಟ್ಸಿನ ಇನ್ನೂ ಇಬ್ಬರು. ಕೆಲಸಕ್ಕೆ ರಜೆ ಹಾಕಿ ಬೆಳಗಿನ ಬಸ್ಸಿಗೆ ಬಂದಿದ್ದರು. ಎಲ್ಲರಿಗಿಂತ ಮುಂದೆ ಅವ್ವ.

"ಸುಳ್ಳು ಏಳ್ತಾವ್ನೆ ಕಣಪ್ಪ, ಎದ್ರಿಕೊಂಡು," ಎಂದಳು ಕಾನ್‌ಸ್ಟೇಬಲ್‌ಗೆ. "ಬೆಲ್ಟೂ ಇಲ್ಲ, ಏನೂ ಇಲ್ಲ. ನಾ ಕಣ್ಣಾರ ಕಂಡಿದೀನಿ. ದೊಡ್ಡೋನು ಒಡ್ದ. ಚಿಕ್ಕೋನು ಕೈ ಇಡ್ಕಂಡಿದ್ದ."

"ನೀವ್ಯಾರಮ್ಮ? ಇವನ ತಾಯಿಯಾ?"

"ಇವ್ನಿಗಲ್ಲ. ಅಗೋ, ಅಣ್ಣು ಇಡ್ಕಂಡು ಕಾಲ್ಗಡೆ ನಿಂತವ್ನಲ್ಲ, ಅವನ ತಾಯಿ."

ಕಾನ್‌ಸ್ಟೇಬಲ್ ಪೆನ್ನು ಎತ್ತಿಕೊಂಡು ಅವಳನ್ನೇ ನೋಡಿದ. "ಬರ್ಕೊಂಡ್ರೆ ಕೇಸಾಗುತ್ತೆ ಅಮ್ಮ. ನಿಮ್ಮ ಮಕ್ಕಳು."

"ಅದ್ಕೇ ಬಂದಿರಾದು. ಬರ್ಕೋ."

ಬರೆದಾದ ಮೇಲೆ ಅವ್ವ ಇಂಕಿನ ಪ್ಯಾಡಿಗೆ ಹೆಬ್ಬೆರಳು ಒತ್ತಿದಳು. ಪಕ್ಕದ ಬೆರಳಿನ ಉಗುರಿನ ಮೇಲೆ ಓಟಿನ ಮಸಿ ಇನ್ನೂ ಹಾಗೇ ಇತ್ತು. ಕಾಗದದ ಮೇಲೆ ಹೆಬ್ಬೆಟ್ಟು ಮೂಡಿಸಿದಳು. ಕಾನ್‌ಸ್ಟೇಬಲ್ ನನ್ನ ಕಡೆ ತಿರುಗಿ, "ಏನ್ ಮೇಷ್ಟ್ರೇ, ನಿಜವಾ?" ಎಂದ.

ಮಂಚದ ಮೇಲಿನವನು ಕಣ್ಣು ಮುಚ್ಚಿಕೊಂಡ. ಅವ್ವ ಸೆರಗಿನಲ್ಲಿ ಹೆಬ್ಬೆರಳು ಒರೆಸಿಕೊಳ್ಳುತ್ತಾ, ನಾನು ಹುಟ್ಟಿದಂದಿನಿಂದ ಮೊದಲ ಸಲ ನನ್ನ ಉತ್ತರಕ್ಕಾಗಿ ಕಾದಳು.

"ನಿಜ," ಎಂದೆ.